ಗೃಹಯಂತ್ರ ವಿಚಾರ: ನಲ್ಲಿಯ ಸೋಡಾ ಮತ್ತು ಅದರ ತಂಟೆಗಳು

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಮೂರು ಒಂದೇ ಯಂತ್ರವನ್ನು ಕುರಿತವು. ಕೊಳ್ಳೇಗಾಲದ ಗೃಹಸ್ಥರೊಬ್ಬರು, ತಮ್ಮ ಮಗನು ಬೆಂಗಳೂರಿನಿಂದ ತಂದುಕೊಟ್ಟ ನಲ್ಲಿಯುಳ್ಳ ಉಕ್ಕಿನ ಗುಡಾಣದಿಂದ ಸೋಡಾಕ್ಕೆ ಬದಲಾಗಿ ಬರಿಯ ನೊರೆಯೇ ಬರುತ್ತದೆಂದೂ, ಗ್ಯಾಸು ಒಂದೇ ದಿನದಲ್ಲಿ ತೀರಿಹೋಗುತ್ತದೆಂದೂ ಬರೆದಿರುವರು. ಯಳಂದೂರಿನ ಓದುಗರೊಬ್ಬರ ದೂರು, ಅದೇ ಬಗೆಯ ಗುಡಾಣದ ಸೋಡಾ ಇತ್ತೀಚೆಗೆ ಒಗರಾಗಿ ಲೋಹದ ರುಚಿಯನ್ನು ಕೊಡುತ್ತದೆಂಬುದು. ಹನೂರಿನ ಗೃಹಿಣಿಯೊಬ್ಬರು, ಮಗಳ ಮದುವೆಗಾಗಿ ಬಾಡಿಗೆಗೆ ತರುವ ದೊಡ್ಡ ಗ್ಯಾಸಿನ ಸಿಲಿಂಡರನ್ನು ಉಗ್ರಾಣದಲ್ಲಿಟ್ಟು ಬಾಗಿಲು ಹಾಕಬಹುದೇ ಎಂದು ಕೇಳಿರುವರು. ಈ ಕೊನೆಯ ಪ್ರಶ್ನೆಗೆ ಉತ್ತರ, ಇಡಕೂಡದು ಎಂಬುದೇ. ಕಾರಣವನ್ನು ಮುಂದೆ ವಿವರಿಸುವೆವು. ಲಗ್ನವು ಹತ್ತಿರವಿರುವುದರಿಂದ ಮಾತನ್ನು ಮಾತ್ರ ಮೊದಲೇ ಹೇಳಿಬಿಟ್ಟೆವು.

ಈ ಯಂತ್ರವು ಬೀರು ಎಂಬ ಮದ್ಯವನ್ನು ಮನೆಯಲ್ಲಿ ನಲ್ಲಿಯಿಂದ ಬಿಡುವುದಕ್ಕಾಗಿ ಹುಟ್ಟಿದುದು. ಸುಮಾರು 5 ಲೀಟರು ಹಿಡಿಯುವ ಉಕ್ಕಿನ ಗುಡಾಣ. ಅದರ ಮುಚ್ಚಳದ ಮೇಲೆ ಒಂದು ನಲ್ಲಿ. ನಲ್ಲಿಯಿಂದ ತಳದವರೆಗೆ ಇಳಿದಿರುವ ಒಂದು ಒಳಕೊಳವೆ. ಪಕ್ಕದಲ್ಲಿ ಒತ್ತಡವನ್ನು ಅಳೆದು ಬಿಡುವ ರೆಗ್ಯುಲೇಟರು. ಅದಕ್ಕೆ ತಿರುಚಿ ಸೇರಿಸುವ, 16 ಗ್ರಾಂ ಗ್ಯಾಸನ್ನು ಹಿಡಿದ ಉಕ್ಕಿನ ಕುಪ್ಪಿ. ಇಷ್ಟೇ ಅದರ ಅಂಗಗಳು. ಮದ್ಯದ ಹೆಸರನ್ನು ಕೇಳಿ ಕೆಲವರು ಮುಖ ತಿರುಗಿಸಬಹುದು. ಪಾತ್ರೆಗೆ ಜಾತಿಯಿಲ್ಲ, ಅದರಲ್ಲಿ ತುಂಬಿದ್ದೇ ಅದರ ಗುಣ. ಮೇಲಾಗಿ ನಾವು ನಿರ್ದೋಷವೆಂದು ಕುಡಿಯುವ ಸೋಡಾ ಹುಟ್ಟಿದುದೂ ಬೀರಿನ ನೆರೆಯಲ್ಲಿಯೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿ ಎಂಬ ಪಂಡಿತನು, ಹತ್ತಿರದ ಬೀರಿನ ಕಾರ್ಖಾನೆಯಲ್ಲಿ ಹುದುಗುವ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ವಾಯುವಿನ ನಡುವೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹುಯ್ದು, ಅದು ನಸುಹುಳಿಯಾಗಿ ನಾಲಿಗೆಯನ್ನು ಚುರುಗುಟ್ಟಿಸುವುದನ್ನು ಕಂಡನು. 1772ರಲ್ಲಿ ಆ ವಿಧಾನವನ್ನು ಅಚ್ಚುಹಾಕಿಸಿದನು. ಅದಾಗಿ ನೂರು ವರುಷಗಳಿಗೆ, 1872ರಲ್ಲಿ, ಹೈರಮ್ ಕಾಡ್ ಎಂಬಾತನು ಗಾಜಿನ ಗೋಲಿಯೇ ಬಿರಡೆಯಾಗಿ ನಿಲ್ಲುವ ಶೀಶೆಗೆ ಹಕ್ಕುಪತ್ರವನ್ನು ಪಡೆದನು. ನಮ್ಮ ಜಾತ್ರೆಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ಒಡೆಯುವ ಗೋಲಿಸೋಡಾ ಅದೇ.

ಆ ವಾಯುವು ಇಂಗಾಲಾಮ್ಲ. ಈಗಿನ ಪಠ್ಯಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡು. ಅದು ನೀರಿನಲ್ಲಿ ಕರಗುವುದಕ್ಕೆ ಎರಡು ಸಹಾಯಗಳು ಬೇಕು. ಒಂದು ಒತ್ತಡ, ಇನ್ನೊಂದು ಶೈತ್ಯ. ಒತ್ತಡವನ್ನು ಎಲ್ಲರೂ ನೆನಪಿನಲ್ಲಿಡುತ್ತಾರೆ, ಶೈತ್ಯವನ್ನು ಮರೆಯುತ್ತಾರೆ. ಹೊರಗಿನ ಗಾಳಿಯಷ್ಟೇ ಒತ್ತಡವಿರುವಾಗ 0 ಡಿಗ್ರಿಯ ಒಂದು ಲೀಟರು ನೀರು ಸುಮಾರು 1.7 ಲೀಟರು ಇಂಗಾಲಾಮ್ಲವನ್ನು ಕುಡಿಯುತ್ತದೆ. 20 ಡಿಗ್ರಿಯಲ್ಲಿ 0.88 ಲೀಟರು, 30 ಡಿಗ್ರಿಯಲ್ಲಿ ಮೂರರಲ್ಲಿ ಎರಡು ಪಾಲು ಲೀಟರು ಮಾತ್ರ. ಚೈತ್ರ ವೈಶಾಖಗಳಲ್ಲಿ ಕೊಳ್ಳೇಗಾಲದ ಮಾಳಿಗೆಯ ಮೇಲಿನ ತೊಟ್ಟಿಯ ನೀರು ಕೈಸುಡುವಂತಿರುವುದನ್ನು ಅಲ್ಲಿಯವರಿಗೆ ನಾವು ಹೇಳಬೇಕಾದುದಿಲ್ಲ. ಅಂತಹ ನೀರನ್ನು ತುಂಬಿ ಎಷ್ಟು ಗ್ಯಾಸನ್ನು ಬಿಟ್ಟರೂ ಅದು ನೀರಿನೊಳಗೆ ನಿಲ್ಲದೆ ನೀರಿನ ಮೇಲೆ ಕಾದು ಕುಳಿತಿರುವುದು. ನಲ್ಲಿಯನ್ನು ತೆರೆದೊಡನೆ ಎಲ್ಲವೂ ಒಟ್ಟಿಗೆ ಹೊರಗೆ ನುಗ್ಗುವುದು. ಕೊಳ್ಳೇಗಾಲದ ಮಹಾಶಯರು ಕಂಡ ನೊರೆಯು ಇದೇ. ಮಣ್ಣಿನ ಹೂಜಿಯ ನೀರು ಕುಡಿಯಲು ಹಿತವಾದುದಾದರೂ ಈ ಕೆಲಸಕ್ಕೆ ಸಾಲದು. ಕುದಿಸಿ ಆರಿಸಿ ಸೋಸಿದ ನೀರನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಗುಡಾಣವನ್ನೂ ಅದರೊಂದಿಗೆ ತಣಿಸಿ, 4 ಡಿಗ್ರಿಯ ಸಮೀಪಕ್ಕೆ ತರತಕ್ಕದ್ದು. ಕುದಿಸುವುದನ್ನು ಬಿಡಕೂಡದು. ಸೋಡಾದ ಗ್ಯಾಸು ಕ್ರಿಮಿಗಳನ್ನು ಕೊಲ್ಲುವುದೆಂದು ನಂಬಿ ಬಾವಿಯ ನೀರನ್ನು ಹಾಗೆಯೇ ತುಂಬುವವರನ್ನು ನಾವು ಕಂಡಿರುವೆವು. ಆ ನಂಬಿಕೆಯನ್ನು ನೆಚ್ಚಿ ಮಕ್ಕಳಿಗೆ ಕುಡಿಸಬಾರದು.

ಇನ್ನು ಗ್ಯಾಸು ಒಂದೇ ದಿನದಲ್ಲಿ ತೀರುವ ಸಂಗತಿ. ಇದಕ್ಕೆ ಸೋರಿಕೆಯೇ ಕಾರಣವೆಂದು ಮಹಾಶಯರು ಊಹಿಸಿ ರಬ್ಬರುಗಳನ್ನೆಲ್ಲ ಬದಲಾಯಿಸಿರುವರಂತೆ. ಲೆಕ್ಕವನ್ನು ಮೊದಲು ನೋಡೋಣ. 44 ಗ್ರಾಂ ಇಂಗಾಲಾಮ್ಲವು ಕುಪ್ಪಿಯಿಂದ ಬಿಡುಗಡೆಯಾದರೆ 22.4 ಲೀಟರು ಜಾಗವನ್ನು ತುಂಬುತ್ತದೆ. ಆದುದರಿಂದ 16 ಗ್ರಾಂ ಕುಪ್ಪಿಯಲ್ಲಿರುವುದು ಸುಮಾರು 8 ಲೀಟರು. ಚೆನ್ನಾಗಿ ಚುರುಗುಟ್ಟುವ ಸೋಡಾಕ್ಕೆ ಲೀಟರೊಂದಕ್ಕೆ ನಾಲ್ಕು ಲೀಟರಿನಷ್ಟು ವಾಯು ಬೇಕು. ಗುಡಾಣದಲ್ಲಿ 4 ಲೀಟರು ನೀರನ್ನು ತುಂಬಿದರೆ 16 ಲೀಟರು ವಾಯು ನೀರಿಗೇ ಆಯಿತು. ನೀರಿನ ಮೇಲೆ ಬಿಟ್ಟಿರುವ ಒಂದು ಲೀಟರು ಬರಿಜಾಗವನ್ನು ಮೂರು ಪಟ್ಟು ಒತ್ತಡದಲ್ಲಿ ತುಂಬುವುದಕ್ಕೆ ಇನ್ನು ಮೂರು ಲೀಟರು. ಒಟ್ಟು 19 ಲೀಟರು ಆಯಿತಷ್ಟೆ. ಎರಡು ಕುಪ್ಪಿಗಳು ತೀರಿ ಮೂರನೆಯದಕ್ಕೆ ಕೈಹಾಕಬೇಕಾಗುವುದು. ಬೀರಿಗೆ ಒಂದು ಕುಪ್ಪಿ ಸಾಕಾಗುವುದೇತಕ್ಕೆಂದರೆ, ಅದರಲ್ಲಿ ವಾಯುವು ಮೊದಲೇ ಕರಗಿರುತ್ತದೆ. ಕುಪ್ಪಿಯು ಅದನ್ನು ಹೊರಕ್ಕೆ ತಳ್ಳಿದರೆ ಸಾಕು. ಯಂತ್ರದೊಡನೆ ಬಂದ ಕರಪತ್ರವು ಬೀರನ್ನು ಕುಡಿಯುವವರಿಗಾಗಿ ಬರೆದದ್ದು. ಅದನ್ನು ಓದಿ ಸೋಡಾ ಮಾಡಹೊರಟರೆ ಲೆಕ್ಕ ತಪ್ಪದಿರುವುದೇ ಆಶ್ಚರ್ಯ.

ನಿಜವಾದ ಸೋರಿಕೆಯನ್ನು ಪರೀಕ್ಷಿಸಬೇಕಾದರೆ ಗುಡಾಣವು ಬರಿದಾಗಿರಬೇಕು. ನೀರಿದ್ದರೆ ವಾಯುವು ಕರಗಿ ಮುಳ್ಳು ತಾನಾಗಿಯೇ ಇಳಿಯುವುದು, ನಾವು ಸೋರಿತೆಂದು ಮೋಸಹೋಗುವೆವು. ಬರಿಯ ಗುಡಾಣಕ್ಕೆ ಸ್ವಲ್ಪ ಗ್ಯಾಸನ್ನು ಬಿಟ್ಟು, ರೆಗ್ಯುಲೇಟರನ್ನು ಮುಚ್ಚಿ, ಮುಳ್ಳಿನ ಸ್ಥಾನವನ್ನು ಗುರುತಿಟ್ಟು ಒಂದು ಗಂಟೆ ಬಿಡತಕ್ಕದ್ದು. ಇಳಿದಿದ್ದರೆ ಸಾಬೂನಿನ ನೊರೆಯನ್ನಾಗಲಿ ಅಂಟುವಾಳದ ನೊರೆಯನ್ನಾಗಲಿ ಕೀಲುಗಳಿಗೆ ಬಳಿದರೆ ಗುಳ್ಳೆಯೇಳುವ ಸ್ಥಳವು ತಾನೇ ಸಾಕ್ಷಿ ಹೇಳುವುದು. ಬಹುಪಾಲು ಮುಚ್ಚಳದ ಸುತ್ತಣ ರಬ್ಬರಿನ ಬಳೆಯಲ್ಲಿ ಒಂದು ಕೂದಲೋ ಸಕ್ಕರೆಯ ಅಂಟೋ ಸಿಕ್ಕಿರುತ್ತದೆ.

ತುಂಬುವ ಕ್ರಮವು ಹೀಗೆ. ತಣಿದ ನೀರನ್ನು ಐದರಲ್ಲಿ ನಾಲ್ಕು ಪಾಲು ಮಾತ್ರ ತುಂಬಿ ಮುಚ್ಚಳವನ್ನು ಬಿಗಿದು, ಸ್ವಲ್ಪ ಗ್ಯಾಸನ್ನು ಬಿಟ್ಟು, ಒತ್ತಡ ಬಿಡುವ ಕವಾಟವನ್ನು ಒಂದೆರಡು ಕ್ಷಣ ಎತ್ತಿ ಒಳಗಿನ ಗಾಳಿಯನ್ನು ಹೊರದೂಡಬೇಕು. ಅನಂತರ ಮುಳ್ಳನ್ನು ಚದರ ಅಂಗುಲಕ್ಕೆ 30 ಪೌಂಡಿಗೆ ಏರಿಸಿ, ಗುಡಾಣವನ್ನು ನೆಟ್ಟಗೆ ಹಿಡಿದು, ರೆಗ್ಯುಲೇಟರಿಗೆ ನೀರು ತಾಗದಂತೆ ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ಆಡಿಸತಕ್ಕದ್ದು. ಮುಳ್ಳು ಇಳಿದರೆ ಮತ್ತೆ ಏರಿಸುವುದು. ಇಳಿಯದೆ ನಿಂತಾಗ ನೀರು ತೃಪ್ತಿಯಾಗಿ ಕುಡಿದಿದೆಯೆಂದರ್ಥ. ಹಾಗೆಯೇ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿರಲಿ. 30 ಪೌಂಡು ಎಂಬುದು ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನ ಒತ್ತಡಕ್ಕೆ ಸುಮಾರು ಎರಡರಷ್ಟೆಂಬುದನ್ನು ಮನೆಯವರು ಮರೆಯಬಾರದು. ಗುಡಾಣವು ಎಷ್ಟು ಒತ್ತಡವನ್ನು ತಡೆಯುವುದೆಂದು ಅದರ ಮೈಮೇಲೆಯೋ ಕರಪತ್ರದಲ್ಲಿಯೋ ಬರೆದಿರದಿದ್ದರೆ, ಅಂತಹುದು ಎಷ್ಟು ಅಗ್ಗವಾಗಿದ್ದರೂ ನಮಗೆ ಬೇಡ. ಒತ್ತಡವನ್ನು ಪೂರಾ ಬಿಡದೆ ಮುಚ್ಚಳಕ್ಕೆ ಕೈಹಚ್ಚಕೂಡದು. ಕುಪ್ಪಿಯೊಳಗಿನ ಗ್ಯಾಸು ತೀರದೆ ಅದನ್ನು ಬಿಚ್ಚಕೂಡದು. ಗ್ಯಾಸು ರಭಸದಿಂದ ಹೊರಟಾಗ ಕುಪ್ಪಿಯ ಮೈ ಹಿಮಗಟ್ಟಿ ಬೆರಳಿಗೆ ಅಂಟುವುದುಂಟು.

ಬಡಿಸುವಾಗ ರೆಗ್ಯುಲೇಟರನ್ನು ಮುಚ್ಚಿ, ಕವಾಟದಿಂದ ಒತ್ತಡವನ್ನು 8 ಅಥವಾ 10 ಪೌಂಡಿಗೆ ಇಳಿಸಿ, ನಲ್ಲಿಯನ್ನು ಒಮ್ಮೆಗೇ ಪೂರ್ತಿಯಾಗಿ ತೆರೆಯಬೇಕು. ನೊರೆಯನ್ನು ತಡೆಯಬೇಕೆಂದು ಅರ್ಧ ತೆರೆಯುವುದು ಎಲ್ಲರ ಅಭ್ಯಾಸ. ಅರ್ಧ ತೆರೆದ ನಲ್ಲಿಯ ಸಂದಿಯಲ್ಲಿ ನೀರು ತಿಕ್ಕಾಡಿ ನೊರೆಯು ಇಮ್ಮಡಿಯಾಗುವುದೇ ಹೊರತು ಕಡಮೆಯಾಗದು. ಲೋಟವು ತಣ್ಣಗಿರಲಿ, ಓರೆಯಾಗಿರಲಿ. ಮೊದಲನೆಯ ಲೋಟವು ಹೇಗೂ ನೊರೆಯೇ, ಏತಕ್ಕೆಂದರೆ ನಲ್ಲಿಯು ಬೆಚ್ಚಗಿರುತ್ತದೆ. ಯಂತ್ರವನ್ನು ಅದರ ಮೂಲೋದ್ದೇಶಕ್ಕೇ ಬಳಸುವ ಗೃಹಸ್ಥರೂ ನಮ್ಮ ಓದುಗರಲ್ಲಿರಬಹುದು. ಅವರಿಗೆ ಹೇಳುವುದೂ ಇದೇ. 3 ಅಥವಾ 4 ಡಿಗ್ರಿಯ ಶೈತ್ಯವಿದ್ದರೆ 12 ಪೌಂಡಿನ ಒತ್ತಡವೇ ಬೀರಿಗೆ ಧಾರಾಳವಾಯಿತು.

ಯಳಂದೂರಿನವರ ಪ್ರಶ್ನೆಗೆ ಬರುವೆವು. ಅವರ ಕಾಗದದ ನಡುವೆ ಒಂದು ವಾಕ್ಯವು ನಮ್ಮ ಕಣ್ಣಿಗೆ ಬಿದ್ದಿತು: ಮೂಲದ ನಲ್ಲಿ ಮುರಿದುದರಿಂದ ಊರಿನ ಮೇಸ್ತ್ರಿಯಿಂದ ಹಿತ್ತಾಳೆಯ ನಲ್ಲಿಯನ್ನು ಹಾಕಿಸಿದೆವೆಂದು. ಒಗರಿಗೆ ಕಾರಣವು ಅದೇ. ಇಂಗಾಲಾಮ್ಲವು ಕರಗಿದ ನೀರು ಹುಳಿ. ಹುಳಿಯು ತಾಮ್ರವನ್ನು ತಿನ್ನುವುದು, ಹಿತ್ತಾಳೆಯಲ್ಲಿ ಹೆಚ್ಚು ಪಾಲು ತಾಮ್ರವೇ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನಿಟ್ಟರೆ ಕಿಲುಬು ಹಿಡಿಯುವುದೆಂದು ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಇದು ಅದೇ ಕಿಲುಬಿನ ಇನ್ನೊಂದು ರೂಪ. ರಾತ್ರಿಯೆಲ್ಲ ನಲ್ಲಿಯಲ್ಲಿ ನಿಂತ ಸೋಡಾವನ್ನು ಬೆಳಗ್ಗೆ ಕುಡಿದವರಿಗೆ ವಾಂತಿ, ಹೊಟ್ಟೆನೋವುಗಳು ಬರಬಹುದು. ಇಂದೇ ಆ ನಲ್ಲಿಯನ್ನು ತೆಗೆಸಿ, ತುಕ್ಕುಹಿಡಿಯದ ಉಕ್ಕಿನದನ್ನು ಹಾಕಿಸತಕ್ಕದ್ದು. ತಾಮ್ರದ ಚೊಂಬಿನಲ್ಲಿ ಬರಿಯ ನೀರನ್ನಿಟ್ಟು ಕುಡಿಯುವ ಪದ್ಧತಿಯನ್ನು ನಾವು ಆಕ್ಷೇಪಿಸುತ್ತಿಲ್ಲ. ಸೋಡಾವನ್ನು ಮಾತ್ರ ಅದರಲ್ಲಿ ಇಡಬೇಡಿರಿ.

ಕುಪ್ಪಿಗಳನ್ನು ಕೊಳ್ಳುವಾಗ ಅವು ಇಂಗಾಲಾಮ್ಲದವೇ, ಆಹಾರಕ್ಕೆ ಯೋಗ್ಯವಾದವೇ ಎಂದು ಓದಿ ನೋಡಬೇಕು. ಕೇಕಿನ ಕೆನೆಯನ್ನು ನೊರೆಗಟ್ಟಿಸುವ ಕುಪ್ಪಿಗಳು ನೋಟಕ್ಕೆ ಇವುಗಳ ಸೋದರರಂತಿದ್ದರೂ ಅವುಗಳೊಳಗಿರುವುದು ಅಮಲೇರಿಸುವ ಬೇರೆ ವಾಯು. ಗಾಳಿಬಂದೂಕಿನ ಕುಪ್ಪಿಗಳಲ್ಲಿ ಎಣ್ಣೆಯ ಪಸೆಯಿರುವುದುಂಟು.

ಈಗ ಹನೂರಿನ ಮದುವೆ. 16 ಗ್ರಾಂ ಕುಪ್ಪಿಯು ಪೂರಾ ಸೋರಿದರೂ ಕೋಣೆಯಲ್ಲಿ 8 ಲೀಟರು ವಾಯುವಷ್ಟೆ. ಯಾರಿಗೂ ಏನೂ ಆಗದು. ಬಾಡಿಗೆಯ ಸಿಲಿಂಡರಿನ ಮಾತು ಬೇರೆ. 6 ಕಿಲೋ ತೂಕದ ಗ್ಯಾಸು ಹೊರಬಿದ್ದರೆ 3000 ಲೀಟರನ್ನು ಮೀರುವುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಉಗ್ರಾಣವು ಹಿಡಿಯುವುದು ಸುಮಾರು 28000 ಲೀಟರು. ಅಂದರೆ ಒಳಗಿನ ಗಾಳಿಯಲ್ಲಿ ಹತ್ತರಲ್ಲೊಂದು ಪಾಲು ಇಂಗಾಲಾಮ್ಲ. ಅಷ್ಟರಲ್ಲಿ ಮನುಷ್ಯನು ಕೆಲವೇ ನಿಮಿಷಗಳಲ್ಲಿ ಮೂರ್ಛೆಹೋಗುವನು. ಹೊರಗೆ ತರುವವರಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ಆ ವಾಯುವಿಗೆ ಬಣ್ಣವಿಲ್ಲ. ಅಡುಗೆ ಗ್ಯಾಸಿನಂತೆ ನಾತದಿಂದ ಎಚ್ಚರಿಸುವುದೂ ಇಲ್ಲ. ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ ನಿಲ್ಲುವುದು, ಮದುವೆಯ ಮನೆಗಳಲ್ಲಿ ಉಗ್ರಾಣದ ನೆಲದ ಮೇಲೆ ಚಾಪೆ ಹಾಸಿ ಮಲಗುವ ಕೂಸುಗಳೂ ಮುದುಕರೂ ಇರುತ್ತಾರೆ. ಆದುದರಿಂದ, ತಾಯಿ, ಸಿಲಿಂಡರನ್ನು ತೆರೆದ ಜಗಲಿಯ ಮೇಲೆ, ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಹಗ್ಗದಿಂದ ಬಿಗಿಸಿರಿ. ರಾತ್ರಿ ಊಟವಾದೊಡನೆ ಅದರ ತಲೆಯ ಕವಾಟವನ್ನು ಮುಚ್ಚುವ ಹೊಣೆಯನ್ನು ಒಬ್ಬರ ಹೆಸರು ಹಿಡಿದು ಒಪ್ಪಿಸಿರಿ. ಎಲ್ಲರ ಕೆಲಸವೆಂದರೆ ಅದು ಯಾರ ಕೆಲಸವೂ ಆಗದು.

ಬೀಗರಿಗೆ ಏನನ್ನು ಬೆರಸಿ ಕೊಡಲೆಂದೂ ಅವರು ಕೇಳಿರುವರು. ಸಂಸ್ಕೃತದಲ್ಲಿ ಸಾರಿವಾ ಎನ್ನಿಸಿಕೊಳ್ಳುವ ನಮ್ಮ ಸೊಗದೆ ಬೇರಿನ ಷರಬತ್ತು, ನಿಂಬೆಯ ರಸ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರುವ ಜೇನು, ಯಾವುದಾದರೂ ಆಗಬಹುದು. ಇವುಗಳನ್ನು ಲೋಟದಲ್ಲಿ ಮೊದಲು ಹಾಕಿ ಮೇಲೆ ಸೋಡಾ ಬಿಡತಕ್ಕದ್ದೇ ಹೊರತು ಗುಡಾಣದೊಳಕ್ಕೆ ಸುರಿಯಕೂಡದು. ನಿಂಬೆಯ ನಾರು ಒಳಕೊಳವೆಯನ್ನು ಕಟ್ಟುವುದು, ಸಕ್ಕರೆಯು ನಲ್ಲಿಯಲ್ಲಿ ಅಂಟಾಗಿ ಹುಳಿತು ಇರುವೆಗಳನ್ನು ಕರೆಯುವುದು. ಕೆಲಸ ಮುಗಿದ ರಾತ್ರಿಯೇ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಸೇರಿಸಿ ಗುಡಾಣ, ಕೊಳವೆ, ನಲ್ಲಿಗಳಲ್ಲಿ ಹರಿಸಿ, ಬರಿಯ ನೀರಿನಿಂದ ಎರಡು ಸಲ ತೊಳೆದು, ಮುಚ್ಚಳವನ್ನು ಹಾಕದೆ ಬೋರಲಾಗಿ ಒಣಗಿಸಿರಿ.