ಕ್ಲಿಂಗನ್ನರಿಗೆ ಸಿಕ್ಕಿದ್ದು ಕಂಪ್ಲಿಯವರಿಗೆ ಯಾಕಿಲ್ಲ?

ಸ್ಟಾರ್ ಟ್ರೆಕ್ ನೋಡೋ ನಮ್ಮ ಹುಡುಗ್ರು ನಾಲ್ಕು ಜನ ಸೇರಿದ್ರೆ ಸಾಕು, ಒಂದೇ ರಾಗ. "ಹಳೇದೇ ಚೆಂದ ಗುರು, ಹೊಸದು ಟ್ರೆಕ್ಕೇ ಅಲ್ಲ." 2017ರಲ್ಲಿ 'ಡಿಸ್ಕವರಿ' ಶುರುವಾದಾಗ ಹತ್ತಿದ ಈ ಗೋಳು 2020ರ 'ಪಿಕಾರ್ಡ್', 2022ರ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಬಂದ ಮೇಲೂ ನಿಂತಿಲ್ಲ. ಕ್ಲಿಂಗನ್ನರ ಮುಖ ಕೆಡಿಸಿದ್ರಂತೆ, ಸ್ಪಾಕ್‌ಗೆ ಎಲ್ಲಿಂದಲೋ ಒಬ್ಬ ಸಾಕು ಅಕ್ಕನ್ನ ತಂದ್ರಂತೆ, ಕಂತಿಗೊಂದು ಕಥೆ ಹೋಗಿ ಸೀಸನ್ ಪೂರ್ತಿ ಒಂದೇ ಕಥೆ ಆಯ್ತಂತೆ...

ಈ ಅಪವಾದದಲ್ಲಿ ಹುರುಳಿಲ್ಲ ಅನ್ನೋದು ನನ್ನ ವಾದ. ಅದಕ್ಕಿಂತ ಮುಖ್ಯವಾಗಿ, ಸಿಟ್ಟು ಬರಬೇಕಾದ ವಿಷಯ ಬೇರೇನೇ ಇದೆ, ಅದರ ಬಗ್ಗೆ ನಾವ್ಯಾರೂ ಬಾಯಿ ಬಿಡ್ತಿಲ್ಲ.

ಮೊದಲು ಅಪವಾದಗಳನ್ನೇ ನೋಡೋಣ. ಕ್ಲಿಂಗನ್ನರ ಮುಖ ಬದಲಾಗಿದ್ದು ಇದೇ ಮೊದಲಾ? 1960ರ ದಶಕದ ಮೂಲ ಸರಣಿಯಲ್ಲಿ ಅವರ ಹಣೆ ನಮ್ಮ ನಿಮ್ಮ ಹಣೆ ಥರ ನುಣ್ಣಗಿತ್ತು. 1979ರ ಸಿನಿಮಾದಲ್ಲಿ ಅದರ ಮೇಲೆ ದಿಣ್ಣೆಗಳು ಎದ್ದವು. ಯಾಕೆ ಅಂತ ಆಗ ಯಾರೂ ಹೇಳ್ಲಿಲ್ಲ. 2005ರಲ್ಲಿ 'ಎಂಟರ್‌ಪ್ರೈಸ್' ಸರಣಿಯ ಎರಡು ಕಂತುಗಳಲ್ಲಿ ಒಂದು ವೈರಸ್ ಕಥೆ ಕಟ್ಟಿ ತೇಪೆ ಹಾಕಿದ್ರು. ಸ್ಪಾಕ್‌ಗೆ ಹೇಳದೇ ಕೇಳದೇ ಒಬ್ಬ ಅಣ್ಣ ಹುಟ್ಟಿಕೊಂಡಿದ್ದು 1989ರ ಐದನೇ ಸಿನಿಮಾದಲ್ಲಿ. ಕಂತಿನಿಂದ ಕಂತಿಗೆ ಕಥೆ ಎಳೆಯೋದನ್ನ 1990ರ ದಶಕದಲ್ಲೇ 'ಡೀಪ್ ಸ್ಪೇಸ್ ನೈನ್' ಮಾಡಿ ಮುಗಿಸಿತ್ತು. 1987ರಲ್ಲಿ 'ನೆಕ್ಸ್ಟ್ ಜನರೇಷನ್' ಬಂದಾಗ ಕರ್ಕ್ ಇಲ್ಲದ ಟ್ರೆಕ್ ಯಾರಿಗೆ ಬೇಕು ಅಂತ ಮೂಗು ಮುರಿದವರು ಬೇಕಾದಷ್ಟು ಜನ. ಇವತ್ತು ಅದೇ 'ಹಳೇ ಚಿನ್ನ'! ಹಳೇ ಕೋಡ್ ಮೇಲೆ ಪ್ಯಾಚ್ ಹಾಕ್ಕೊಂಡು ಸಂಬಳ ತಗೊಳ್ಳೋ ನಮ್ಮಂಥವರೇ ಇದಕ್ಕೆ ಹೌಹಾರಿದ್ರೆ ಹೇಗೆ ಸ್ವಾಮಿ?

ಪಿಕಾರ್ಡ್ ಮೊದಲ ಸೀಸನ್ನಿನ ಕಥೆ ಸಡಿಲ ಅನ್ನಿ, ಒಪ್ತೀನಿ. ಡಿಸ್ಕವರಿಯಲ್ಲಿ ಸೀಸನ್ನಿಗೊಂದು ಸಲ ಜಗತ್ತೇ ಮುಳುಗೋಕೆ ಹೊರಡುತ್ತೆ ಅನ್ನಿ, ಅದನ್ನೂ ಒಪ್ತೀನಿ. ಅದು ವಿಮರ್ಶೆ. ಆದ್ರೆ 'ಇದು ಟ್ರೆಕ್ಕೇ ಅಲ್ಲ' ಅನ್ನೋದು ವಿಮರ್ಶೆ ಅಲ್ಲ, ಮಡಿ.

ಈ ಮಡಿ ಕನ್ನಡದವರಿಗಂತೂ ಒಪ್ಪೋದೇ ಇಲ್ಲ. ನಮ್ಮ ಆದಿಕವಿ ಪಂಪ 941ರ ಸುಮಾರಿಗೆ ಮಹಾಭಾರತ ಬರೆದಾಗ ದ್ರೌಪದಿಯನ್ನ ಅರ್ಜುನ ಒಬ್ಬನಿಗೇ ಹೆಂಡತಿ ಮಾಡಿಬಿಟ್ಟ. ಸಾಲದ್ದಕ್ಕೆ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಅಂದ. ಮೂಲಕಥೆ ಮುರಿದವರನ್ನ ಹೊರಗೆ ಹಾಕೋದಾದ್ರೆ ಮೊದಲು ಪಂಪನನ್ನೇ ಹಾಕಬೇಕಾಗುತ್ತೆ!

ಅಷ್ಟು ಹಿಂದೆ ಯಾಕೆ, ನಮ್ಮ ಹೊಸಪೇಟೆ, ಕಂಪ್ಲಿ, ಬಳ್ಳಾರಿ ಕಡೆ ದೊಡ್ಡಾಟ, ನಾಟಕ ನೋಡಿದವರನ್ನ ಕೇಳಿ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕದ ಕೊನೆ ಏನಾಗುತ್ತೆ ಅಂತ ಪ್ರೇಕ್ಷಕರಿಗೆಲ್ಲ ಮೊದಲೇ ಗೊತ್ತು. ಆದ್ರೂ ಕೂತು ನೋಡ್ತಾರೆ. ಯಾಕಂದ್ರೆ ಅವರಿಗೆ ಬೇಕಿರೋದು ಈ ಸಲದ ದ್ರೌಪದಿ ಹೇಗೆ ಅನ್ನೋದು. ಸುಭದ್ರಮ್ಮ ಮನ್ಸೂರು ಅವರ ದ್ರೌಪದಿಯನ್ನ ಕಂಡವರು ಆಮೇಲೆ ಬಂದ ಎಲ್ಲ ದ್ರೌಪದಿಯರನ್ನೂ ಆ ತಕ್ಕಡಿಯಲ್ಲೇ ತೂಗ್ತಾರೆ. ಅವಳ ಮಾತು ಚುರುಕಿಲ್ಲ, ಇವನ ದುರ್ಯೋಧನನಿಗೆ ಠೀವಿ ಸಾಲದು, ಎಲ್ಲಾ ಅಂತಾರೆ. 'ಇದು ಮಹಾಭಾರತವೇ ಅಲ್ಲ' ಅಂತ ಚಾಪೆ ಮಡಚ್ಕೊಂಡು ಎದ್ದು ಹೋಗಲ್ಲ.

ಈಗ ನನ್ನ ಅಸಲಿ ತಕರಾರಿಗೆ ಬರ್ತೀನಿ. ದೊಡ್ಡಾಟದ ಆ ಜಗಳದಲ್ಲಿ ಹಮಾಲಿ ಮಾಡೋನೂ ಇರ್ತಾನೆ, ಮೇಷ್ಟ್ರೂ ಇರ್ತಾರೆ, ಗದ್ದೆ ಕೆಲಸ ಮುಗಿಸಿ ಬಂದ ಅಜ್ಜಿಯೂ ಇರ್ತಾಳೆ. ಕಥೆ ಅವರ ಭಾಷೆಯಲ್ಲಿದೆ, ಹಾಗಾಗಿ ಜಗಳ ಆಡೋ ಹಕ್ಕೂ ಅವರಿಗಿದೆ. ನಮ್ಮ ಟ್ರೆಕ್ ಜಗಳದಲ್ಲಿ ಯಾರಿದ್ದಾರೆ? ಬೆಂಗಳೂರಲ್ಲಿ ಕೂತ ನಾನು, ನನ್ನ ಥರದ ನಾಲ್ಕು ಇಂಜಿನಿಯರುಗಳು. ಅದೂ ಇಂಗ್ಲಿಷಲ್ಲಿ. ಕಂಪ್ಲಿಯಲ್ಲಿರೋ ನನ್ನ ಸೋದರಮಾವನ ಮಗನಿಗೆ ರೋಬಾಟು, ರಾಕೆಟ್ಟು ಅಂದ್ರೆ ನನಗಿಂತ ಜಾಸ್ತಿ ಹುಚ್ಚು. ಅವನು ಆ ಹುಚ್ಚು ತೀರಿಸಿಕೊಂಡಿದ್ದು ಟಿವಿಯಲ್ಲಿ ಬರ್ತಿದ್ದ ತೆಲುಗು ಡಬ್ಬಿಂಗ್ ಇಂಗ್ಲಿಷ್ ಸಿನಿಮಾಗಳಿಂದ. ಅವನ ಪ್ರಕಾರ ಬೇರೆ ಗ್ರಹದವರೆಲ್ಲ ಮಾತಾಡೋದು ತೆಲುಗು :)

ನಗು ಬರುತ್ತೆ, ಆದ್ರೆ ಇದು ನಗೋ ವಿಷಯ ಅಲ್ಲ. ಡಿಸ್ಕವರಿಯನ್ನ ಅಮೆರಿಕದ ಹೊರಗೆ ತೋರಿಸುವಾಗ ನೆಟ್‌ಫ್ಲಿಕ್ಸ್ ಕ್ಲಿಂಗನ್ ಭಾಷೆಯಲ್ಲಿ ಸಬ್‌ಟೈಟಲ್ ಕೊಟ್ಟಿತ್ತು. ಮಾರ್ಕ್ ಓಕ್ರಾಂಡ್ ಅನ್ನೋ ಭಾಷಾತಜ್ಞರು 1984ರ ಸಿನಿಮಾಕ್ಕೋಸ್ಕರ ಕಟ್ಟಿದ ಭಾಷೆ ಅದು. ಯಾವ ತಾಯಿಯೂ ಅದರಲ್ಲಿ ಲಾಲಿ ಹಾಡಿಲ್ಲ. ಅದಕ್ಕೆ ಸಬ್‌ಟೈಟಲ್ ಇತ್ತು, ಕನ್ನಡಕ್ಕಿರ್ಲಿಲ್ಲ! 2021ರ ನವೆಂಬರಲ್ಲಿ ನೆಟ್‌ಫ್ಲಿಕ್ಸ್‌ನಿಂದ ಆ ಸರಣಿಯನ್ನೇ ಎತ್ತಿಬಿಟ್ರು, ಕಥೆ ಅಲ್ಲಿಗೆ ಮುಗೀತು. ಟ್ರೆಕ್ ಕಥೆಯೊಳಗೆ ಯೂನಿವರ್ಸಲ್ ಟ್ರಾನ್ಸ್‌ಲೇಟರ್ ಅಂತ ಒಂದು ಯಂತ್ರ ಇದೆ. ಯಾವ ಗ್ರಹದವನು ಏನೇ ಮಾತಾಡ್ಲಿ, ಕೇಳೋನಿಗೆ ಅವನದೇ ಭಾಷೆಯಲ್ಲಿ ಕೇಳಿಸುತ್ತೆ. ಅಂಥಾ ಕಥೆ ನೋಡೋಕೆ ಕನ್ನಡದವನು ಮಾತ್ರ ಮೊದಲು ಇಂಗ್ಲಿಷ್ ಕಲ್ತು ಬರಬೇಕು!

ನೆಟ್‌ಫ್ಲಿಕ್ಸಿನವರನ್ನ ಬೈದು ಕೈ ತೊಳ್ಕೊಳ್ಳೋದು ಸುಲಭ. ಬಾಗಿಲಿಗೆ ಬೀಗ ಹಾಕಿದವರು ಮನೆಯವರೇ. 1960ರ ದಶಕದಲ್ಲಿ ಅನಕೃ ಮುಂತಾದವರು ಡಬ್ಬಿಂಗ್ ವಿರುದ್ಧ ನಿಂತಾಗ ಕನ್ನಡ ಚಿತ್ರರಂಗ ಇನ್ನೂ ಬಡವಾಗಿತ್ತು, ಅದಕ್ಕೊಂದು ಬೇಲಿ ಬೇಕಿತ್ತು ಅನ್ನೋದನ್ನ ಒಪ್ಪೋಣ. ಆದ್ರೆ ಸಸಿ ಮರವಾದ ಮೇಲೂ ಬೇಲಿ ತೆಗೀಲಿಲ್ಲ. ಡಬ್ಬಿಂಗ್ ಬೇಡ ಅನ್ನೋ ಕಾನೂನು ಯಾವತ್ತೂ ಇರಲಿಲ್ಲ, ಇದ್ದಿದ್ದು ಕಟ್ಟುಪಾಡು ಮಾತ್ರ. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ಬೇರೆ ಭಾಷೆಗಳಿಗೆ ಡಬ್ ಆಗಿ ಬಂದಾಗಲೂ ಕನ್ನಡಕ್ಕೆ ಬರೋಕೆ ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟ ಮೇಲೆ, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದು ತಪ್ಪು ಅಂತ ಹೇಳಿ ವಾಣಿಜ್ಯ ಮಂಡಳಿಗೆ ದಂಡ ಹಾಕ್ತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಬಂದಾಗಲೂ ಪ್ರತಿಭಟನೆ ನಡೀತು.

ಆಮೇಲೇನಾಯ್ತು, ಕನ್ನಡ ಮುಳುಗೋಯ್ತಾ? 2020ರ ಲಾಕ್‌ಡೌನ್ ಹೊತ್ತಲ್ಲಿ ಡಬ್ ಆದ ಮಹಾಭಾರತವನ್ನ ಮನೆಮಂದಿಯೆಲ್ಲ ಕೂತು ನೋಡಿದ್ರು. 2022ರಲ್ಲಿ ಎರಡನೇ 'ಅವತಾರ್', 2023ರಲ್ಲಿ 'ಸ್ಪೈಡರ್ ವರ್ಸ್' ಕನ್ನಡ ಮಾತಾಡಿದ್ವು. ಅದೇ 2022ರಲ್ಲಿ ಕೆಜಿಎಫ್ ಎರಡನೇ ಭಾಗ, ಕಾಂತಾರ ಬೇರೆ ಭಾಷೆಗಳಿಗೆ ಡಬ್ ಆಗಿ ದೇಶ ಎಲ್ಲಾ ಗೆದ್ದವು. ನಮ್ಮದು ಹೊರಗೆ ಹೋದ್ರೆ ಹೆಮ್ಮೆ, ಅವರದು ಒಳಗೆ ಬಂದ್ರೆ ಅಪಾಯ. ಇದ್ಯಾವ ನ್ಯಾಯ?

ಮಾಮೂಲಿ ಕೊಂಕುಗಳು ಮೂರಿವೆ, ಅವಕ್ಕೂ ಉತ್ತರ ಕೊಟ್ಟುಬಿಡ್ತೀನಿ.

ಒಂದು, ಕನ್ನಡದಲ್ಲಿ ಪದಗಳಿಲ್ಲ. ರೀ, ವಾರ್ಪ್‌ಗೆ ವಾರ್ಪ್ ಅಂತಾನೇ ಅನ್ನಿ. ಬಸ್ಸು, ಮೊಬೈಲು ಅಂದಾಗ ಏನಾಗದ ಕನ್ನಡ ಇದಕ್ಕೆ ಸಾಯಲ್ಲ. 'ನೆಕ್ಸ್ಟ್ ಜನರೇಷನ್'ನಲ್ಲಿ 'ಡಾರ್ಮಾಕ್' ಅಂತ 1991ರ ಒಂದು ಕಂತಿದೆ. ಅದರಲ್ಲಿ ಬರೋ ಜನ ಬರೀ ತಮ್ಮ ಪುರಾಣದ ಹೆಸರುಗಳಲ್ಲೇ ಮಾತಾಡ್ತಾರೆ, ಪಿಕಾರ್ಡ್‌ಗೆ ಅರ್ಥ ಆಗೋಕೆ ಇಡೀ ಕಂತು ಬೇಕು. ಕುಂಭಕರ್ಣನ ನಿದ್ದೆ, ಭಗೀರಥ ಪ್ರಯತ್ನ, 'ಅವನೊಬ್ಬ ಶಕುನಿ' ಅಂತ ದಿನಾ ಮಾತಾಡೋ ನಮ್ಮಜ್ಜಿಗೆ ಅದು ಐದೇ ನಿಮಿಷಕ್ಕೆ ಹೊಳೆಯುತ್ತೆ.

ಎರಡು, ನಮ್ಮ ನೆಲಕ್ಕೆ ಇವೆಲ್ಲ ಒಗ್ಗಲ್ಲ. ಕರ್ಕ್ 1967ರ 'ಅರೀನಾ' ಕಂತಿನಲ್ಲಿ ಹಲ್ಲಿಮುಖದ ಗಾರ್ನ್ ಜೊತೆ ಬಡಿದಾಡೋದು ಕ್ಯಾಲಿಫೋರ್ನಿಯಾದ ವಾಸ್ಕೆಸ್ ರಾಕ್ಸ್ ಅನ್ನೋ ಬಂಡೆಗಳ ಮಧ್ಯೆ. ಹೊಸ 'ಪಿಕಾರ್ಡ್'ನಲ್ಲೂ ಅದೇ ಬಂಡೆ ಬರುತ್ತೆ. ಹಂಪಿಯ ಹೇಮಕೂಟ, ಮಾತಂಗ ಪರ್ವತ ಹತ್ತಿದವರಿಗೆ ಅದೇನು ದೊಡ್ಡ ಬಂಡೆ? ಸಂಡೂರಿನ ಕೆಂಪು ಅದಿರು ಮಣ್ಣಲ್ಲಿ ಒಂದು ಸುತ್ತು ಹೊಡೆದು ಬಂದವರಿಗೆ ಮಂಗಳ ಗ್ರಹ ಹೊಸದಾ?

ಮೂರು, ಯಾರು ನೋಡ್ತಾರೆ? ಅಭಿಮಾನ ಅಂದ್ರೇನು ಅಂತ ಹೊಸಪೇಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, 2022ರಲ್ಲೇ ಊರಲ್ಲಿ ಪುನೀತ್ ಪ್ರತಿಮೆ ನಿಲ್ಲಿಸಿದವರು ಅವರು. ನೋಡೋಕೆ ಕೊಟ್ಟೇ ಇಲ್ಲದೆ ನೋಡೋರಿಲ್ಲ ಅನ್ನೋದು, ಬಸ್ಸೇ ಬಿಡದೆ ಈ ದಾರಿಯಲ್ಲಿ ಪ್ರಯಾಣಿಕರಿಲ್ಲ ಅಂದ ಹಾಗೆ.

ಹಾಗಾಗಿ ಗೆಳೆಯರೆ, ಹಳೇ ಟ್ರೆಕ್ ಮೇಲೋ ಹೊಸದು ಮೇಲೋ ಅನ್ನೋ ಜಗಳ ಬೇಡ ಅಂತ ನಾನು ಹೇಳ್ತಿಲ್ಲ. ಚೆನ್ನಾಗೇ ಆಡೋಣ. ಕನ್ನಡದಲ್ಲಿ ಆಡೋಣ. ಒಂದೊಂದು ಕಂತಿನ ಬಗ್ಗೆ ಒಂದೊಂದು ಬರಹ ಬರೀರಿ, ಟ್ರೆಕ್ ನೋಡದೇ ಇರೋರಿಗೂ ಕಥೆ ತಿಳಿಯೋ ಹಾಗೆ. ದುಡ್ಡು ಕಟ್ಟಿ ನೋಡೋ ಕಡೆಗೆಲ್ಲ 'ಕನ್ನಡದಲ್ಲಿ ಯಾವಾಗ?' ಅಂತ ಒಂದು ಸಾಲು ಬರೆದು ಹಾಕಿ. ಕಂಪ್ಲಿಯ ನನ್ನ ಮಾವನ ಮಗ ಕನ್ನಡದಲ್ಲೇ ಡಿಸ್ಕವರಿ ನೋಡಿ, "ಥೂ, ಏನ್ ಕಿತ್ತೋಗಿರೋ ಸರಣಿ ಮಾರಾಯಾ ಇದು" ಅಂತ ನನ್ನ ಜೊತೆ ಜಗಳಕ್ಕೆ ಬರಬೇಕು. ಅವನ ಹತ್ರ ಆ ಜಗಳದಲ್ಲಿ ಸೋಲೋಕೂ ನಾನು ರೆಡಿ.

ಏನಂತೀರಾ?