ಕಿಟಕಿ ತೆರೆಯುವವರು ಯಾರು?

ಮೊನ್ನೆ ನಮ್ಮ ಎದುರುಮನೆಯ ಗುಜರಾತಿ ದಂಪತಿ ಒಂದು ಕೊಟೇಶನ್ ಹಿಡಿದುಕೊಂಡು ಬಂದರು. ಮನೆಯ ಕಿಟಕಿಗಳನ್ನೆಲ್ಲ ಬದಲಾಯಿಸುತ್ತಾರಂತೆ. "ನೀವು ಬ್ಯಾಂಕಿನವರು, ಒಮ್ಮೆ ನೋಡಿ ಹೇಳಿ" ಎಂದರು. ಕೊಟೇಶನ್ನಿನಲ್ಲಿ ಇದ್ದದ್ದು ಎರಡೇ ಸಾಲು. ಥ್ರೀ ಟ್ರ್ಯಾಕ್ ಸ್ಲೈಡಿಂಗ್, ಪೌಡರ್ ಕೋಟೆಡ್, ಚದರಡಿಗೆ ಇಷ್ಟು. ಕೆಳಗೆ ಒಟ್ಟು ಮೊತ್ತ. ಅಷ್ಟೇ! ಒಂದು ಲಕ್ಷದ ಸಾಲಕ್ಕೆ ನಾವು ಹದಿನೆಂಟು ಕಡೆ ಸಹಿ ಹಾಕಿಸಿಕೊಳ್ಳುತ್ತೇವೆ. ಒಂದು ಲಕ್ಷದ ಕಿಟಕಿಗೆ ಜನ ಎರಡು ಸಾಲು ಓದಿ ಅಡ್ವಾನ್ಸ್ ಕೊಡುತ್ತಾರೆ.

ನಾನು ನಗುವ ಹಾಗಿಲ್ಲ. 2007ರಲ್ಲಿ ನಾನು ಆ ಎರಡು ಸಾಲನ್ನೂ ಓದಿರಲಿಲ್ಲ.

ಬೋರಿವಲಿಯ ನಮ್ಮ ಕಟ್ಟಡ 1988ರದ್ದು. ನಾಲ್ಕನೇ ಮಹಡಿಯ ಈ ಮನೆಯನ್ನು ನಾನು 1998ರಲ್ಲಿ ಕೊಂಡಾಗ ಸಾಗುವಾನಿಯ ದಾರಂದ, ಹೊರಕ್ಕೆ ತೆರೆಯುವ ಗಾಜಿನ ಬಾಗಿಲುಗಳು, ಒಳಬದಿಗೆ ಕಬ್ಬಿಣದ ಸರಳು, ಇಷ್ಟಿದ್ದವು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತಿತ್ತು, ಬೇಸಗೆಯಲ್ಲಿ ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಆಗ ಸೊಸೈಟಿಯಲ್ಲಿ ಒಬ್ಬೊಬ್ಬರಾಗಿ ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಸತೊಡಗಿದರು. ಮೂರನೇ ಮಹಡಿಯವರು ಹಾಕಿಸಿದ ಮೇಲೆ ನಾವು ಹಿಂದೆ ಬೀಳುವುದುಂಟೇ? ಹಾಲಿನ ಕಿಟಕಿ ಕಿತ್ತು ಸ್ಲೈಡಿಂಗ್ ಕೂರಿಸಿದೆವು. ಸಾಗುವಾನಿ ಮರವನ್ನು ರದ್ದಿಯವನು ಎತ್ತಿಕೊಂಡು ಹೋದ. ಎಷ್ಟಕ್ಕೆ ಎಂದು ಮಾತ್ರ ಕೇಳಬೇಡಿ. ಬೆಡ್‌ರೂಮಿನದ್ದು ದುಡ್ಡು ಸಾಲದೆ ಉಳಿಯಿತು. ಅದರ ಕತೆ ಆಮೇಲೆ.

ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ನಮ್ಮ ಹಾಲಿನ ಕಿಟಕಿ ಪಶ್ಚಿಮಕ್ಕೆ. ನೈಋತ್ಯ ಮಾರುತದ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬಂದು ಹೊಡೆಯುತ್ತದೆ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿ ಅಂದರೆ ಒಂದು ಸಣ್ಣ ಕಾಲುವೆ. ನೀರು ಅದರಲ್ಲಿ ತುಂಬಿಕೊಂಡು ಹೊರಬದಿಯ ತೂತುಗಳಿಂದ ಇಳಿದುಹೋಗಬೇಕು. ಹೊರಗಿನ ಗಾಳಿ ಒತ್ತಿ ಹಿಡಿದರೆ ನೀರು ಇಳಿಯುವುದಿಲ್ಲ, ಏರುತ್ತದೆ. ಒಳಬದಿಯ ಅಂಚು ಗಿಡ್ಡವಾಗಿದ್ದರೆ ನೇರ ನಿಮ್ಮ ಸೋಫಾಕ್ಕೆ. ನಮ್ಮದರಲ್ಲಿ ಆ ತೂತುಗಳನ್ನು ಹಾಕಿದವನೇ ಸಿಮೆಂಟು ಮೆತ್ತಿ ಮುಚ್ಚಿದ್ದ ಎನ್ನುವುದು ಮೂರು ಮಳೆಗಾಲ ಕಳೆದ ಮೇಲೆ ತಿಳಿದದ್ದು! ಅಷ್ಟರಲ್ಲಿ ಗೋಡೆ ಉಬ್ಬಿ ಬಣ್ಣ ಸಿಪ್ಪೆಸಿಪ್ಪೆಯಾಗಿತ್ತು. ಆದ್ದರಿಂದ ಕಿಟಕಿ ಸೋರುತ್ತದೆ ಎಂದು ಬದಲಾಯಿಸಲು ಹೊರಟವರು ಮೊದಲು ಒಂದು ತಂತಿ ತೆಗೆದುಕೊಂಡು ಆ ತೂತುಗಳನ್ನು ಬಿಡಿಸಿ ನೋಡಿ. ಖರ್ಚು ಸೊನ್ನೆ. ನನಗೆ ಅರ್ಧ ಸೋರಿಕೆ ಅಲ್ಲೇ ನಿಂತಿತು.

ಊರಿನ ನೆನಪಾಗುತ್ತದೆ ನೋಡಿ. ನಮ್ಮ ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರಿನ ಲೆಕ್ಕದಲ್ಲಿ ಮಳೆ. ಆದರೂ ಚಾವಡಿಯ ದಳಿಗೆ ಗಾಜೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಬರೀ ಮರದ ಸರಳುಗಳು. ಒಳಗೆ ಎರಚಲು ಬರುತ್ತಿದ್ದದ್ದು ಎಲ್ಲೋ ಆಟಿಯ ಗಾಳಿಮಳೆಗೆ ಮಾತ್ರ. ಏಕೆಂದರೆ ಮಳೆ ತಡೆಯುವ ಕೆಲಸ ಅಲ್ಲಿ ಕಿಟಕಿಯದ್ದಲ್ಲ, ಮುಂದಕ್ಕೆ ಇಳಿದ ಹಂಚಿನ ಮಾಡಿನದ್ದು. ಇಲ್ಲಿ ಒಂದೂವರೆ ಅಡಿಯ ಛಜ್ಜಾ ಕೊಟ್ಟು, ಮಿಕ್ಕ ಕೆಲಸವನ್ನೆಲ್ಲ ಗಾಜು ರಬ್ಬರುಗಳ ತಲೆಗೆ ಕಟ್ಟುತ್ತಾರೆ.

ಸೋರಿಕೆಯನ್ನಾದರೂ ಸಹಿಸಬಹುದು. ದೊಡ್ಡ ನಷ್ಟ ಗಾಳಿಯದ್ದು. ಊರಿನಿಂದ ಬಂದ ಅಮ್ಮ ಮೊದಲ ದಿನವೇ ಹೇಳಿದ್ದರು, "ಎಂತ ಕಿಟಕಿ ಮಗಾ ಇದು, ಅರ್ಧ ತೆಗೆದರೆ ಅರ್ಧ ಮುಚ್ಚುತ್ತದೆ!" ನಾನು ಬಿಕಾಂ ಓದಿದವನು, ಆದರೆ ಲೆಕ್ಕ ಹಾಕಿದ್ದು ಅವರು. ನಮ್ಮ ಹಾಲು 14 ಅಡಿಗೆ 10, ಅಂದರೆ 140 ಚದರಡಿ. ನಮ್ಮಂಥ ಸೆಕೆಯ, ತೇವದ ಪ್ರದೇಶಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಪ್ರಕಾರ ನೆಲದ ಆರನೇ ಒಂದು ಪಾಲಿನಷ್ಟು ಕಿಟಕಿ ಬೇಕು. 140ಕ್ಕೆ ಸುಮಾರು 23. ನಮ್ಮ ಕಿಟಕಿ 6 ಅಡಿಗೆ 4, ಅಂದರೆ 24. ಕಾಗದದ ಮೇಲೆ ಪಾಸು. ಆದರೆ ಸ್ಲೈಡಿಂಗ್ ಹಾಕಿದ ಕೂಡಲೇ ಒಂದು ಸಲಕ್ಕೆ ತೆರೆಯುವುದು 12 ಮಾತ್ರ. ಮೂರು ಹಳಿ ಇದ್ದರೂ ಒಂದು ಹಳಿ ಸೊಳ್ಳೆ ಪರದೆಗೆ ಹೋದರೆ ಮತ್ತೆ ಅದೇ 12, ಅದಕ್ಕೂ ಜಾಲರಿಯ ಅಡ್ಡಿ. ಬ್ಯಾಲೆನ್ಸ್ ಶೀಟಿನಲ್ಲಿ ಇದಕ್ಕೊಂದು ಹೆಸರಿದೆ. ಪುಸ್ತಕದ ಬೆಲೆ ಒಂದು, ಮಾರಿದರೆ ಬರುವ ಬೆಲೆ ಇನ್ನೊಂದು.

ಇಷ್ಟೆಲ್ಲ ಗೊತ್ತಿದ್ದೂ ಹದಿಮೂರು ವರ್ಷ ಸುಮ್ಮನಿದ್ದೆ. ಕಣ್ಣು ತೆರೆಸಿದ್ದು 2020ರ ಅಕ್ಟೋಬರ್ 12. ಮುಂಬಯಿಯಲ್ಲಿದ್ದವರಿಗೆ ನೆನಪಿರಬಹುದು, ಬೆಳಿಗ್ಗೆ ಹತ್ತರ ಹೊತ್ತಿಗೆ ಗ್ರಿಡ್ ಕೈಕೊಟ್ಟು ಇಡೀ ಮಹಾನಗರದ ಕರೆಂಟು ಹೋಗಿತ್ತು, ಲೋಕಲ್ ರೈಲುಗಳೂ ನಿಂತವು. ನಾನು ಬ್ರಾಂಚಿನಲ್ಲಿದ್ದೆ. ನನ್ನವಳು ತರಕಾರಿಗೆಂದು ಕೆಳಗೆ ಇಳಿದಿದ್ದಳು. ಮನೆಯಲ್ಲಿ ಅಮ್ಮ ಒಬ್ಬರೇ, ಆಗ ಅವರಿಗೆ 79. ಫ್ಯಾನು ನಿಂತಿತು. ಅಕ್ಟೋಬರಿನ ಸೆಕೆ. ಧೂಳೆಂದು ಕಿಟಕಿಯನ್ನು ನಾವೇ ಪೂರ್ತಿ ಎಳೆದು ಹೋಗಿದ್ದೆವು. ಸವೆದ ಗಾಲಿ, ಹಳಿಯಲ್ಲಿ ಮರಳು, ಹಿಡಿಯಲು ಒಂದು ಹಿಡಿಯೂ ಇಲ್ಲದ, ಬೆರಳು ತೂರಿಸಿ ಎಳೆಯುವ ಆ ಗಾಜಿನ ಬಾಗಿಲು ಅವರ ಕೈಗೆ ಒಂದಿಂಚೂ ಜರುಗಲಿಲ್ಲ. ಲಿಫ್ಟ್ ಇಲ್ಲದೆ ನಾಲ್ಕು ಮಹಡಿ ಹತ್ತಿ ನನ್ನವಳು ಬಂದಾಗ ಅಮ್ಮ ಬೆವರಿನಲ್ಲಿ ತೊಯ್ದು ಕಿಟಕಿಯ ಕೆಳಗೆ ನೆಲದ ಮೇಲೆ ಕುಳಿತಿದ್ದರಂತೆ. ಬೆರಳಿನ ಉಗುರು ಕಿತ್ತು ರಕ್ತ. ದೊಡ್ಡ ಅನಾಹುತವೇನೂ ಆಗಲಿಲ್ಲ. ಆದರೆ "ಕಿಟಕಿ ನನ್ನಿಂದ ಹಾಳಾಯಿತೇನೋ" ಎಂದು ಸಂಜೆ ನನ್ನ ಹತ್ತಿರ ಅವರು ಹೆದರಿ ಹೇಳಿದ್ದು ಇದೆಯಲ್ಲ, ಅದನ್ನು ಮರೆಯಲಾಗುವುದಿಲ್ಲ.

ಹಾಗಾದರೆ ಮರುದಿನವೇ ಬದಲಾಯಿಸಿದೆನೇ? ಇಲ್ಲ. ರೀಡೆವಲಪ್‌ಮೆಂಟ್! ನಮ್ಮ ಕಡೆಯ ಹಳೆಯ ಸೊಸೈಟಿಯವರಿಗೆಲ್ಲ ಗೊತ್ತಿರುವ ರೋಗ ಇದು. ಕಟ್ಟಡಕ್ಕೆ 30 ವರ್ಷ ದಾಟಿತು, ಸ್ಟ್ರಕ್ಚರಲ್ ಆಡಿಟ್ ಆಯಿತು, ಬಿಲ್ಡರುಗಳು ಬಂದು ಹೋದರು, ಮೀಟಿಂಗಿನ ಮೇಲೆ ಮೀಟಿಂಗು. ಹೇಗೂ ಒಡೆಯುವ ಮನೆಗೆ ಯಾಕೆ ದುಡ್ಡು ಸುರಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಎರಡೂವರೆ ವರ್ಷ ತಳ್ಳಿದೆ. ಕೊನೆಗೆ ಒಂದು ದಿನ ಕಾಗದ ಪೆನ್ನು ಹಿಡಿದು ಕುಳಿತೆ. ಕಿಟಕಿಗೆ 24,000 ಖರ್ಚು, ಕಟ್ಟಡ ನಾಲ್ಕೇ ವರ್ಷ ನಿಂತರೂ ವರ್ಷಕ್ಕೆ ಆರು ಸಾವಿರ, ತಿಂಗಳಿಗೆ ಐನೂರು. ಅಮ್ಮ ದಿನಕ್ಕೆ ಹತ್ತು ಗಂಟೆ ಕೂರುವ ಜಾಗಕ್ಕೆ ತಿಂಗಳಿಗೆ ಐನೂರು ರೂಪಾಯಿ. ನಾಚಿಕೆಯಾಯಿತು. 2023ರ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಕೆಲಸ ಮಾಡಿಸಿದೆ.

ಈ ಸಲ ನಾಲ್ಕು ಅಂಗಡಿ ಸುತ್ತಿದೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆ "ಅಲ್ಯುಮಿನಿಯಮ್ಮೋ ಯುಪಿವಿಸಿಯೋ?" ನನ್ನ ಪ್ರಕಾರ ಇದು ಮೂರನೆಯ ಪ್ರಶ್ನೆ. ಮೊದಲನೆಯದ್ದು ಯಾರು ತೆರೆಯುತ್ತಾರೆ? ಎರಡನೆಯದ್ದು ಗ್ರಿಲ್ ಎಲ್ಲಿದೆ? ಎರಡನೆಯದನ್ನು ಯಾರೂ ಯೋಚಿಸುವುದಿಲ್ಲ. ಗೋಡೆಗೆ ಸಮನಾಗಿ ಹೊರಗೆ ಗ್ರಿಲ್ ಇದ್ದರೆ ಹೊರಕ್ಕೆ ತೆರೆಯುವ ಕಿಟಕಿ ಸಾಧ್ಯವೇ ಇಲ್ಲ. ಒಳಕ್ಕೆ ತೆರೆದರೆ ಪರದೆ, ಸೋಫಾ ಎಲ್ಲದಕ್ಕೂ ಜಗಳ. ನಮ್ಮದು ಹೊರಗೆ ಚಾಚಿದ ಬಾಕ್ಸ್ ಗ್ರಿಲ್, ಅದರೊಳಗೆ ಒಂದೂವರೆ ಅಡಿಯ ಬಾಗಿಲು ಆರಾಮವಾಗಿ ತೆರೆಯುತ್ತದೆ. ಹಾಗಾಗಿ ಆರು ಅಡಿಯನ್ನು ನಾಲ್ಕು ಬಾಗಿಲುಗಳಾಗಿ ಮಾಡಿಸಿದೆ. ಅಗಲ ಕಡಿಮೆಯಾದಷ್ಟು ಒಳ್ಳೆಯದು, ಮುಚ್ಚಲು ಅಮ್ಮ ಹೊರಗೆ ಬಗ್ಗಿ ಕೈಚಾಚಬೇಕಿಲ್ಲ. ಮಧ್ಯದ ಕಂಬಗಳು ಸ್ವಲ್ಪ ತಿಂದರೂ 24ರಲ್ಲಿ ಸುಮಾರು 20 ತೆರೆಯುತ್ತದೆ. ಇನ್ನೊಂದು ಲಾಭ, ಇಂಥ ಬಾಗಿಲು ರಬ್ಬರಿನ ಮೇಲೆ ಒತ್ತಿ ಕೂರುತ್ತದೆ. ಸ್ಲೈಡಿಂಗಿನಲ್ಲಿ ಇರುವುದು ಬ್ರಶ್ಶಿನಂಥ ಪಟ್ಟಿ, ಅದರ ಸಂದಿಯಲ್ಲಿ ನೀರೂ ಬರುತ್ತದೆ, ಲಿಂಕ್ ರೋಡಿನ ಹಾರ್ನೂ ಬರುತ್ತದೆ.

ಹಾಂ, ಅದೇ ಹೊತ್ತಿಗೆ ಬಾಕ್ಸ್ ಗ್ರಿಲ್ಲಿಗೆ ಒಂದು ತೆರೆಯುವ ಬಾಗಿಲನ್ನೂ ಇಡಿಸಿದೆ. ಕೀಲಿಕೈ ಪಕ್ಕದಲ್ಲೇ ಮೊಳೆಗೆ ತೂಗುಹಾಕಿದೆ. ಕಳ್ಳ ಬಾರದಿರಲಿ ಎಂದು ನಾವು ಕಟ್ಟಿಕೊಳ್ಳುವ ಪಂಜರದಿಂದ ಬೆಂಕಿ ಬಿದ್ದ ದಿನ ನಾವೂ ಹೊರಬರಲಾರೆವು. ನಮ್ಮ ಕಟ್ಟಡದ 28 ಮನೆಗಳಲ್ಲಿ ಹೀಗೆ ಬಾಗಿಲಿರುವುದು ಐದಕ್ಕೆ. ಕಮಿಟಿಯಲ್ಲಿ ಎರಡು ಸಲ ಹೇಳಿದೆ. ಚಹಾ ಕುಡಿದು ಎದ್ದರು.

ಇನ್ನು ಸಾಮಗ್ರಿ. ಅಲ್ಯುಮಿನಿಯಂ ಕೆಟ್ಟದ್ದಲ್ಲ. ತೆಳ್ಳಗಿನ ಚೌಕಟ್ಟು, ಹೆಚ್ಚು ಗಾಜು, ಹೆಚ್ಚು ಬೆಳಕು. ಆದರೆ ಚದರಡಿ ರೇಟು ಹೋಲಿಸುವುದು ಫ್ಲಾಟ್ ರೇಟಿನ ಬಡ್ಡಿಯನ್ನು ರಿಡ್ಯೂಸಿಂಗ್ ಬ್ಯಾಲೆನ್ಸಿನ ಬಡ್ಡಿಗೆ ಹೋಲಿಸಿದ ಹಾಗೆ. ನೋಡಲು ಒಂದೇ, ಕಟ್ಟುವಾಗ ಬೇರೆ. ಲೋಹದ ದಪ್ಪ ಎಷ್ಟು ಮಿಲಿಮೀಟರ್, ಗಾಜು ಎಷ್ಟು, ಗಾಲಿ ಯಾವುದು, ಇದು ಬರಹದಲ್ಲಿ ಇರಬೇಕು. ಸ್ಕ್ರೂ ಕೂಡ! ಅಲ್ಯುಮಿನಿಯಮ್ಮಿಗೆ ತುಕ್ಕಿಲ್ಲ ಎಂದು ಹೇಳಿ ಕಬ್ಬಿಣದ ಸ್ಕ್ರೂ ಬಡಿದು ಹೋಗುತ್ತಾರೆ. ಉಪ್ಪುಗಾಳಿಯಲ್ಲಿ ಎರಡು ಲೋಹ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ನಮ್ಮ ಹಳೆಯ ಕಿಟಕಿಯ ಸ್ಕ್ರೂಗಳು ಬಿಚ್ಚಲೂ ಬಾರದೆ ಪುಡಿಯಾಗಿ ಉದುರಿದವು. ಸ್ಟೇನ್‌ಲೆಸ್ ಸ್ಟೀಲ್ ಎಂದರೂ ಸಾಲದು, ಸಮುದ್ರ ಹತ್ತಿರವಿದ್ದರೆ 304ಕ್ಕಿಂತ 316 ನಂಬರಿನದು ಬಾಳುತ್ತದೆ.

ನಾನು ಆರಿಸಿದ್ದು ಯುಪಿವಿಸಿ. ತುಕ್ಕಿಲ್ಲ, ಗೆದ್ದಲಿಲ್ಲ, ಮೂಲೆಗಳನ್ನು ಕಾಯಿಸಿ ಬೆಸೆಯುವುದರಿಂದ ಅಲ್ಲಿ ಸಂದಿಯಿಲ್ಲ. ದೋಷವೂ ಇದೆ. ಚೌಕಟ್ಟು ದಪ್ಪ, ಹಾಲಿನಲ್ಲಿ ಬೆಳಕು ಕಡಿಮೆಯಾದದ್ದು ಎದ್ದು ಕಾಣುತ್ತದೆ. ಪ್ಲಾಸ್ಟಿಕ್ಕಿಗೆ ಸ್ವಂತ ಬೆನ್ನೆಲುಬಿಲ್ಲ, ಒಳಗೆ ಉಕ್ಕಿನ ಪಟ್ಟಿ ಇರಬೇಕು. ಅದನ್ನು ಕದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕತ್ತರಿಸಿದ ತುಂಡು ತೋರಿಸಿ ಎಂದೆ. ಒಬ್ಬ ತೋರಿಸಿದ, ಇಬ್ಬರು "ನಂಬಿಕೆಯ ಮೇಲೆ ವ್ಯಾಪಾರ ಸಾಬ್" ಎಂದರು. ತೋರಿಸಿದವನಿಗೆ ಕೆಲಸ ಕೊಟ್ಟೆ. ರೇಟು ಜಾಸ್ತಿಯೇ ಆಗಿತ್ತು.

ಡಬಲ್ ಗಾಜು ಬೇಕೇ ಎಂದು ಕೇಳಿದ. ಚಳಿ ದೇಶದ ಮಾತು ಬೇರೆ. ದಿನವಿಡೀ ಎಸಿ ಹಾಕಿ ಮುಚ್ಚಿಕೊಂಡು ಕೂರುವವರಿಗೂ ಪ್ರಯೋಜನ ಇದ್ದೀತು. ಕಿಟಕಿ ತೆರೆಯಲೆಂದೇ ಕಿಟಕಿ ಹಾಕಿಸುವವನಿಗೆ ಯಾಕೆ? ಬರೀ 5 ಮಿಲಿಮೀಟರ್ ಟಫನ್ಡ್ ಗಾಜು ಹಾಕಿಸಿದೆ, ಒಡೆದರೆ ಚೂಪಾದ ಹೋಳುಗಳಾಗದೆ ಸಣ್ಣ ಕಾಳುಗಳಾಗಿ ಉದುರುತ್ತದೆ. ಅದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ ಎನ್ನುವುದು ನೆನಪಿರಲಿ. ನಮ್ಮಲ್ಲಿ ಒಂದು ಗಾಜು ಕಾಲಿಂಚು ದೊಡ್ಡದಾಗಿ ಬಂದು ಮತ್ತೆ ಹತ್ತು ದಿನ ಗೋಣಿಪಾಟು ಕಟ್ಟಿಕೊಂಡು ಮಲಗಿದೆವು.

ಬೆಡ್‌ರೂಮಿನ ಹಳೆಯ ಸಾಗುವಾನಿ ಕಿಟಕಿಯ ಕತೆ ಹೇಳುತ್ತೇನೆ ಎಂದೆನಲ್ಲ. ಈ ಯುಪಿವಿಸಿಯವನೇ ಅದನ್ನು ಬೆರಳಿನಿಂದ ತಟ್ಟಿ ನೋಡಿ "ಇದನ್ನು ತೆಗೆಯಬೇಡಿ ಸಾಬ್" ಎಂದ. ಅದು ಪೂರ್ವಕ್ಕಿದೆ, ಮಳೆಯ ಹೊಡೆತ ಕಡಿಮೆ. ಬಡಗಿಯನ್ನು ಕರೆಸಿ ಕೆಳಗಿನ ಕೊಳೆತ ಪಟ್ಟಿಯೊಂದನ್ನು ಬದಲಾಯಿಸಿ, ಬಾಗಿಲು ಸ್ವಲ್ಪ ಕೀಸಿ, ಹಿತ್ತಾಳೆ ಬಿಜಾಗರಿ ಹಾಕಿಸಿ, ಎಣ್ಣೆ ಬಳಿಸಿದೆ. ಎಲ್ಲ ಸೇರಿ ಹೊಸದರ ನಾಲ್ಕನೇ ಒಂದು ಪಾಲೂ ಆಗಲಿಲ್ಲ. 2007ರಲ್ಲಿ ಹಾಲಿನದಕ್ಕೂ ಇಷ್ಟೇ ಮಾಡಿಸಿದ್ದರೆ ಸಾಕಿತ್ತು. ಹಳೆಯ ಮರದ ಕಿಟಕಿ ಕಿತ್ತುಹಾಕಲು ಹೊರಟವರು ದಯವಿಟ್ಟು ಮೊದಲು ಒಬ್ಬ ಬಡಗಿಗೆ ತೋರಿಸಿ. ಹೊಸ ಕಿಟಕಿ ಮಾರುವವನನ್ನು ಕೇಳಬೇಡಿ, ನನಗೆ ಸಿಕ್ಕಿದಂಥವನು ಎಲ್ಲರಿಗೂ ಸಿಗುವುದಿಲ್ಲ.

ಎದುರುಮನೆಯವರಿಗೆ ಇಷ್ಟನ್ನೂ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಸ್ಲೈಡಿಂಗೇ ಹಾಕಿಸುತ್ತಾರಂತೆ, ಅಕ್ಕಪಕ್ಕದವರೆಲ್ಲರದ್ದೂ ಅದೇ ಇರುವುದರಿಂದ. ಅವರ ಗ್ರಿಲ್ ಗೋಡೆಗೆ ಸಮ, ಬೇರೆ ದಾರಿಯೂ ಕಡಿಮೆ. ಕನಿಷ್ಠ ಹಳಿಯ ಒಳ ಅಂಚು ಎತ್ತರದ್ದು ತೆಗೆದುಕೊಳ್ಳಿ, ಗ್ರಿಲ್ಲಿಗೆ ಬಾಗಿಲಿಡಿ, ಎಳೆಯಲು ದೊಡ್ಡ ಹಿಡಿ ಹಾಕಿಸಿ ಎಂದು ಕೊಟೇಶನ್ನಿನ ಹಿಂದೆ ಬರೆದುಕೊಟ್ಟೆ.

ನಮ್ಮ ಹಾಲಿನ ಕಿಟಕಿಯ ಹಿಡಿಗಳು ಎಲ್ಲರ ಮನೆಗಿಂತ ಒಂಬತ್ತು ಇಂಚು ಕೆಳಗಿವೆ. ಹಾಕುವಾಗ ಹುಡುಗ ಎರಡೆರಡು ಸಲ ಕೇಳಿದ್ದ, ಅಳತೆ ತಪ್ಪಿಲ್ಲ ತಾನೇ ಎಂದು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಎಲ್ಲಿಗೆ ಎಟುಕುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟೆ. ಆ ಜೂನಿನ ಮೊದಲ ಮಳೆಗೆ ಸಂಜೆ ನಾನು ಮನೆಗೆ ಬಂದಾಗ ನಾಲ್ಕೂ ಬಾಗಿಲು ಹಾರುಹೊಡೆದಿದ್ದವು. ಪೇಪರು, ಮೇಜು, ಅಮ್ಮನ ಸೀರೆಯ ಅಂಚು ಎಲ್ಲ ಒದ್ದೆ. ನನ್ನವಳು ಗೋಣಿ ಹಿಡಿದು ನೆಲ ಒರೆಸುತ್ತ ನನ್ನನ್ನು ಒಮ್ಮೆ ನೋಡಿದಳು. ಅಡುಗೆಮನೆಯ ಕಿಟಕಿ ಮಾತ್ರ ತಾನು ಹೇಳಿದ ಹಾಗೇ ಆಗಬೇಕಂತೆ, ಅದಿನ್ನೂ ಬಾಕಿ ಇದೆ.