ದೊರೆಯ 'ಟ'ಕಾರ, ನಮ್ಮ 'ಅ'ಕಾರ



ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಆಫೀಸಿನಲ್ಲಿ ಒಂದು ಕಿರುನಾಟಕ ಆಡಿದರು. ಕಿತ್ತೂರು ಚೆನ್ನಮ್ಮನ ಪ್ರಸಂಗ. ಅಕೌಂಟ್ಸ್ ಸೆಕ್ಷನ್ನಿನ ಒಬ್ಬರು ಮುಖಕ್ಕೆ ಪೌಡರ್ ಬಳಿದುಕೊಂಡು, ತಲೆಗೆ ಟೋಪಿ ಇಟ್ಟುಕೊಂಡು ಥ್ಯಾಕರೆ ಆಗಿದ್ದರು. "ನೀನು ಟಪ್ಪು ಮಾಡಿಡ್ಡೀ, ಕಪ್ಪ ಟಂದು ಕೊಡ್ಬೇಕು" ಅಂತ ಶುರು ಮಾಡಿದ್ದೇ ತಡ, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ.

ಅವತ್ತು ನಿರೂಪಣೆ ನನ್ನದು. ನಾಟಕ ಮುಗಿದ ಮೇಲೆ ಮುಖ್ಯ ಅತಿಥಿಗಳನ್ನು ವೇದಿಕೆಗೆ ಕರೆಯುವಾಗ ಬಾಯಿ ತಪ್ಪಿ "ಆರ್ದಿಕ ಸ್ವಾಗತ" ಅಂದುಬಿಟ್ಟೆ. ಎರಡನೇ ಸಾಲಿನಲ್ಲಿ ಯಾರೋ ಮೆಲ್ಲಗೆ "ಆರ್ದಿಕ... ಆರ್ದಿಕ" ಅಂದರು. ಮತ್ತೆ ನಗು. ಆಮೇಲೆ ಒಂದು ವಾರ ಟೀ ಕುಡಿಯೋ ಹೊತ್ತಿಗೆಲ್ಲಾ ಅದೇ. "ಏನ್ ಸಾರ್, ಆಲು ಆಕಿದ್ದಾರಾ ಟೀಗೆ?"

ಒಂದೇ ಸಭೆ, ಎರಡು ನಗು. ಥ್ಯಾಕರೆ ಆಗಿದ್ದವರು ಟೋಪಿ ತೆಗೆದಿಟ್ಟು ಮುಖ ತೊಳೆದುಕೊಂಡರು, ಅವರ ನಗು ಅಲ್ಲಿಗೆ ಮುಗೀತು. ನನ್ನದನ್ನು ಎಲ್ಲಿ ತೊಳೆದುಕೊಳ್ಳಲಿ? ಅವತ್ತಿನಿಂದ ಇದು ತಲೆಯಲ್ಲಿ ಕೊರೀತಾ ಇತ್ತು. ಮೊನ್ನೆ ಭಾನುವಾರ ಮಗಳು ಮೊಬೈಲಿನಲ್ಲಿ ಯಾವುದೋ ಇಂಗ್ಲಿಷ್ ಸೀರೀಸ್ ನೋಡುತ್ತಾ, "ಅಪ್ಪಾ, ಲಂಡನ್ನಿನವರು ನಿಜವಾಗ್ಲೂ ಹಿಂಗೇ ಮಾತಾಡ್ತಾರಾ?" ಅಂತ ಕೇಳಿದಳು. ಅದಕ್ಕೇ ಬರೆಯಲು ಕೂತೆ.

ಮೊದಲು ಆ ದೊರೆಯ ಕನ್ನಡ. 1961ರ 'ಕಿತ್ತೂರು ಚೆನ್ನಮ್ಮ'ದಿಂದ 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದವರೆಗೆ, ಹಳ್ಳಿಯ ಬಯಲು ನಾಟಕದಿಂದ ನಮ್ಮ ಆಫೀಸಿನ ತನಕ, ಬಿಳಿಯ ಅಂದರೆ ನಮ್ಮ ಕಣ್ಣಿಗೆ ಬರುವುದು ಒಂದೇ ಚಿತ್ರ: ಕೆಂಪು ಕೋಟು, ಕೈಯಲ್ಲಿ ಚಾಟಿ, ಬಾಯಲ್ಲಿ 'ಟ', 'ಡ'. ಆದರೆ ಇಂಗ್ಲಿಷಿನವರ ನಾಲಗೆಯಲ್ಲಿ ನಮ್ಮ 'ತ'ವೂ ಇಲ್ಲ, ನಮ್ಮ ಗಟ್ಟಿ 'ಟ'ವೂ ಇಲ್ಲ. ಅವರದ್ದು ಎರಡರ ಮಧ್ಯದ ಒಂದು ಸದ್ದು. ನಮ್ಮ ನಟರು ನಾಲಗೆ ಮಡಚಿ ಹೇಳುವ ಆ 'ಟ' ಅಪ್ಪಟ ಕನ್ನಡದ 'ಟ'. ನಿಜವಾದ ಬ್ರಿಟಿಷನೊಬ್ಬ ಕನ್ನಡ ಕಲಿತರೆ ಎಡವೋದು ಬೇರೆ ಕಡೆ. 'ಹಳ್ಳಿ' ಹೋಗಿ 'ಹಲ್ಲಿ' ಆಗುತ್ತೆ, 'ಕತ್ತೆ' ಹೋಗಿ 'ಕತೆ' ಆಗುತ್ತೆ. ಅದನ್ನು ಸಿನಿಮಾದಲ್ಲಿ ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅಂದರೆ ನಾವು ನಗುತ್ತಾ ಇರೋದು ದೊರೆಯನ್ನು ನೋಡಿ ಅಲ್ಲ, ನಾವೇ ಮಾಡಿಕೊಂಡ ಗೊಂಬೆಯನ್ನು ನೋಡಿ.

ಆ ಗೊಂಬೆಗೆ ಜೀವ ತುಂಬಿದವರು ಯಾರು ನೋಡಿ. ಹಿಂದಿ ಸಿನಿಮಾಗಳಲ್ಲಿ ಬಿಳಿ ವಿಲನ್ ಆಗಿ ಒದೆ ತಿಂದು ತಿಂದು ಹೆಸರಾದ ಬಾಬ್ ಕ್ರಿಸ್ಟೋ ಬ್ರಿಟಿಷರಲ್ಲ, ಆಸ್ಟ್ರೇಲಿಯಾದ ಸಿಡ್ನಿಯವರು. ಕೊನೆಗಾಲದಲ್ಲಿ ನಮ್ಮ ಬೆಂಗಳೂರಲ್ಲೇ ಇದ್ದು, 2011ರಲ್ಲಿ ಇಲ್ಲೇ ತೀರಿಕೊಂಡರು. ಟಾಮ್ ಆಲ್ಟರ್ ಹುಟ್ಟಿದ್ದು ಮಸೂರಿಯಲ್ಲಿ, ತಂದೆತಾಯಿ ಅಮೆರಿಕದ ಮಿಷನರಿಗಳು. ಅವರ ಉರ್ದು ಎಷ್ಟು ಶುದ್ಧ ಅಂದರೆ ರಂಗದ ಮೇಲೆ ಮೌಲಾನಾ ಆಜಾದ್ ಆಗಿ ನಿಲ್ಲುತ್ತಿದ್ದರು. ಅಂಥವರಿಗೂ ಸಿನಿಮಾದವರು ಎಷ್ಟೋ ಸಲ ಒಡಕು ಹಿಂದಿಯ ದೊರೆಯ ಪಾತ್ರವನ್ನೇ ಕೊಟ್ಟರು. ಇನ್ನು 2022ರ 'ಆರ್‌ಆರ್‌ಆರ್'. ಅದರಲ್ಲಿ ಕ್ರೂರ ಗವರ್ನರ್ ಆದ ರೇ ಸ್ಟೀವನ್ಸನ್ ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದವರು, ಅವನ ಹೆಂಡತಿ ಪಾತ್ರದ ಆಲಿಸನ್ ಡೂಡಿ ಡಬ್ಲಿನ್ನಿನವರು. ನಮಗಿಂತ ಮೊದಲು ಇಂಗ್ಲೆಂಡಿನ ಕಾಲ್ತುಳಿತಕ್ಕೆ ಸಿಕ್ಕ ನಾಡಿನವರು ನಮ್ಮ ಪಾಲಿಗೆ ಇಂಗ್ಲೆಂಡ್ ಆಗಿ ನಿಂತರು. ಬಿಳಿ ಚರ್ಮ ಇದ್ದರೆ ಸಾಕು, ಎಲ್ಲಾ ಒಂದೇ ಅಂತ.

ಎಲ್ಲಾ ಒಂದೇ ಆಗಿರಲಿಲ್ಲ ಕಣ್ರೀ. ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋದವನು. 1834ರಿಂದ 1861ರವರೆಗೆ ಮೈಸೂರನ್ನು ಆಳಿದ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದವನು. ನಮ್ಮ ಶಾಸನಗಳನ್ನು ಹುಡುಕಿ 'ಎಪಿಗ್ರಾಫಿಯಾ ಕರ್ನಾಟಿಕಾ' ತಂದ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಒಬ್ಬೊಬ್ಬರ ಇಂಗ್ಲಿಷೂ ಬೇರೆ, ಅವರ ಬಾಯಲ್ಲಿ ಬರುತ್ತಿದ್ದ ನಮ್ಮ ಭಾಷೆಯೂ ಬೇರೆ. ನಮ್ಮ ಕಲಬುರಗಿ, ಮಂಗಳೂರು, ಚಾಮರಾಜನಗರದ ಕನ್ನಡ ಬೇರೆ ಬೇರೆ ಇದ್ದ ಹಾಗೆ.

ಇನ್ನು ನನ್ನ 'ಆರ್ದಿಕ'ದ ವಿಷಯಕ್ಕೆ ಬರ್ತೀನಿ.

ಲಂಡನ್ನಿನ ಪೂರ್ವ ಭಾಗದ ಕೂಲಿ ಕಾರ್ಮಿಕರ ಮಾತಿಗೆ ಕಾಕ್ನಿ ಅಂತಾರೆ. ಅದರ ದೊಡ್ಡ ಗುರುತು ಏನು ಗೊತ್ತಾ? 'ಹ' ಬಿಟ್ಟು ಮಾತಾಡೋದು! 'ಹೌಸ್' ಅನ್ನೋದನ್ನ 'ಔಸ್' ಅಂತಾರೆ, 'ಹ್ಯಾಟ್' ಅನ್ನೋದನ್ನ 'ಆಟ್' ಅನ್ನೋ ಹಾಗೆ ಅಂತಾರೆ. ಅಲ್ಲೂ ಓದಿದ ದೊಡ್ಡಮನೆಯವರು ಅದನ್ನ ಕೇಳಿ ಶತಮಾನಗಳಿಂದ ನಗ್ತಾ ಬಂದಿದ್ದಾರೆ. ನಮ್ಮಪ್ಪ ಕನಕಪುರದ ಕಡೆಯಿಂದ ಬಂದು ಜೆ.ಪಿ. ನಗರದಲ್ಲಿ ಗಾರೆ ಕೆಲಸ ಮಾಡಿದವರು. ಲಂಡನ್ನಿನ ಗಾರೆ ಕೆಲಸದವನೂ ನಮ್ಮಪ್ಪನೂ ಒಂದೇ ಅಕ್ಷರ ಬಿಟ್ಟು ಮಾತಾಡಿದ್ದಾರೆ, ಒಂದೇ ಥರದ ನಗು ತಿಂದಿದ್ದಾರೆ. ಇದು ಗೊತ್ತಾದ ದಿನ ನನಗೆ ಎಷ್ಟು ಹಗುರ ಆಯ್ತು ಅಂದರೆ ಹೇಳೋಕಾಗಲ್ಲ.

1964ರಲ್ಲಿ 'ಮೇರಿ ಪಾಪಿನ್ಸ್' ಅಂತ ಒಂದು ಹಾಲಿವುಡ್ ಸಿನಿಮಾ ಬಂತು. ಅದರಲ್ಲಿ ಡಿಕ್ ವಾನ್ ಡೈಕ್ ಅನ್ನೋ ಅಮೆರಿಕದ ನಟ ಲಂಡನ್ನಿನ ಚಿಮಣಿ ಗುಡಿಸುವವನ ಪಾತ್ರ ಮಾಡಿ, ಕಾಕ್ನಿಯನ್ನ ಕುಲಗೆಡಿಸಿ ಮಾತಾಡಿದ. ಬ್ರಿಟಿಷರು ಅದನ್ನ ಮರೆಯಲೇ ಇಲ್ಲ, ಐವತ್ತು ವರ್ಷ ಆಡಿಕೊಂಡರು. 2017ರಲ್ಲಿ ಬ್ರಿಟನ್ನಿನ ಸಿನಿಮಾ ಅಕಾಡೆಮಿಯವರು ಅವನಿಗೆ ಪ್ರಶಸ್ತಿ ಘೋಷಿಸಿದಾಗ, ತೊಂಬತ್ತು ದಾಟಿದ ಆ ಮುದುಕ ತನ್ನ ಆ ಕೆಟ್ಟ ಉಚ್ಚಾರಣೆಗೆ ಕ್ಷಮೆ ಕೇಳಿದ. ಅರ್ಧ ತಮಾಷೆಗೇ ಇರಬಹುದು. ಆದರೂ ಕೇಳಿದ. ನಮ್ಮ ಧಾರಾವಾಹಿಗಳಲ್ಲಿ ಮನೆಗೆಲಸದವಳ ಬಾಯಿಗೆ, ಕಳ್ಳನ ಬಾಯಿಗೆ, ಪೆದ್ದ ಕಾನ್‌ಸ್ಟೇಬಲ್ ಬಾಯಿಗೆ ನಮ್ಮ ಅವ್ವಂದಿರ ಮಾತು ತುರುಕಿ ನಗಿಸಿದವರು ಯಾರಾದರೂ ಒಬ್ಬರು, ಒಂದು ದಿನ, ತಮಾಷೆಗಾದರೂ ಕ್ಷಮೆ ಕೇಳಿದ್ದನ್ನ ನಾನು ಕಂಡಿಲ್ಲ.

'ಹ' ಬಿಟ್ಟರೆ ಕನ್ನಡ ಕೆಟ್ಟಿತು ಅನ್ನೋ ಪಂಡಿತರಿಗೆ ಒಂದು ಮಾತು. ಹಳಗನ್ನಡದಲ್ಲಿ 'ಹಾಲು' ಇರಲಿಲ್ಲ, 'ಪಾಲ್' ಇತ್ತು. 'ಹೋಗು' ಇರಲಿಲ್ಲ, 'ಪೋಗು' ಇತ್ತು. ಪಂಪನ ಕಾಲದ ಯಾರಾದರೂ ಎದ್ದು ಬಂದರೆ ನಿಮ್ಮ ಶುದ್ಧವಾದ 'ಹಾಲು' ಕೇಳಿ ಅವರೂ ನಕ್ಕಾರು. 'ಪ' ಹೋಗಿ 'ಹ' ಬಂದಿದ್ದು ಭಾಷೆಯ ಬೆಳವಣಿಗೆ, 'ಹ' ಹೋಗಿ 'ಅ' ಬಂದರೆ ಅನಾಗರಿಕತೆ. ಇದ್ಯಾವ ನ್ಯಾಯ? ಬದಲಾವಣೆ ಒಂದೇ, ಬಾಯಿ ಯಾರದು ಅನ್ನೋದಷ್ಟೇ ವ್ಯತ್ಯಾಸ. ದೇವನೂರ ಮಹಾದೇವ ಅವರು ನಂಜನಗೂಡು ಸೀಮೆಯ ನಮ್ಮವರ ಮಾತಿನಲ್ಲೇ 'ಕುಸುಮಬಾಲೆ' ಬರೆದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದಲ್ಲಿ ಬಂದಾಗ ಆಹಾ ಅಂತಾರೆ. ಅದೇ ಮಾತು ಜಯನಗರದ ಆಫೀಸಿನ ಮೈಕಿನಲ್ಲಿ ಬಂದಾಗ ಕಿಸಕ್ ಅಂತಾರೆ.

ಈಗ ಇನ್ನೊಂದು ಪ್ರಶ್ನೆ. ನಿಜವಾದ ದೊರೆಯ ಮಾತು, ಸಿಟ್ಟು, ಗೊಣಗಾಟವನ್ನ ಹತ್ತಿರದಿಂದ ಕೇಳಿಸಿಕೊಂಡವರು ಯಾರು? 1809ರಲ್ಲಿ ದಂಡು ಬೆಂಗಳೂರಿಗೆ ಬಂದ ಮೇಲೆ ಬಿಳಿಯರ ಅಡುಗೆ ಮನೆಯಲ್ಲಿ ದನದ ಮಾಂಸ ಬೇಯಿಸಿದವರು, ಅವರ ಮಕ್ಕಳನ್ನ ಎತ್ತಿ ಆಡಿಸಿದ ಆಯಾಗಳು, ಕುದುರೆ ತಿಕ್ಕಿದವರು, ಕಕ್ಕಸು ತೊಳೆದವರು. ಮಡಿಯವರು ಆ ಅಡುಗೆ ಮನೆಯ ಹೊಸಿಲು ಮೆಟ್ಟುತ್ತಿರಲಿಲ್ಲ. ಮೆಟ್ಟಿದವರು ಬಹುತೇಕ ನಮ್ಮವರು. ಅವರು ಕಲಿತ ಇಂಗ್ಲಿಷಿಗೆ 'ಬಟ್ಲರ್ ಇಂಗ್ಲಿಷ್' ಅಂತ ಹೆಸರಿಟ್ಟು ಅದನ್ನೂ ನಗೆಗೆ ಹಾಕಿದರು.

ಕೋಲಾರದ ಚಿನ್ನದ ಗಣಿ ನೋಡಿ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಭೂಮಿ ಬಗೆಯಿತು. ಇಳಿದು ಕಲ್ಲು ಒಡೆದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. 1930ರಲ್ಲಿ ಕಂಪನಿ ಎಲ್ಲ ಕಾರ್ಮಿಕರ ಬೆರಳಚ್ಚು ತಗೊಂಡು ಕಳ್ಳರ ಹಾಗೆ ನೋಂದಣಿ ಮಾಡೋಕೆ ಹೊರಟಾಗ ಅವರು ಕೆಲಸ ನಿಲ್ಲಿಸಿ ಎದ್ದು ನಿಂತರು. 2001ರಲ್ಲಿ ಗಣಿ ಮುಚ್ಚಿತು. 2018ರಲ್ಲಿ 'ಕೆಜಿಎಫ್' ಅಂತ ಸಿನಿಮಾ ಬಂದಾಗ ಆ ಜನ ಎಲ್ಲಿದ್ದರು? ಹೀರೋ ಬರಲಿ ಅಂತ ಕಾಯುವ ಮಸಿ ಮೆತ್ತಿದ ಗುಂಪಾಗಿದ್ದರು. ತಮಿಳಿನಲ್ಲಿ ಪಾ. ರಂಜಿತ್ 2024ರಲ್ಲಿ 'ತಂಗಲಾನ್' ಮಾಡಿ ಅದೇ ನೆಲದ ಕತೆಯನ್ನ ನಮ್ಮವರ ಕಡೆಯಿಂದ ಹೇಳಿದರು. ಅಲ್ಲಿ ಬರುವ ಬಿಳಿಯ ಬರೀ ಚಾಟಿ ಬೀಸೋ ಗೊಂಬೆ ಅಲ್ಲ. ಆಸೆ ತೋರಿಸಿ ಕರೆಯುತ್ತಾನೆ, ಕೂಲಿ ಕೊಡ್ತೀನಿ ಅಂತಾನೆ. ಊರಿನ ಜಮೀನ್ದಾರನಿಗಿಂತ ಇವನೇ ವಾಸಿಯಾ ಅನ್ನೋ ಸಂಕಟ ನಮ್ಮವರಲ್ಲಿ ಹುಟ್ಟುತ್ತೆ. ಆ ಸಂಕಟ ಗೊತ್ತಿರುವ ಕಡೆ ಮಾತ್ರ ಬಿಳಿಯ ಮನುಷ್ಯನಾಗುತ್ತಾನೆ. 2001ರ 'ಲಗಾನ್'ನಲ್ಲಿ ಕಚ್ರಾ ಅಂತ ನಮ್ಮವನೊಬ್ಬ ಇದ್ದಾನಲ್ಲ, ಅವನಿಗೆ ಬಾಯೇ ಇಲ್ಲ. ಅವನ ಪರವಾಗಿ ಭಾಷಣ ಮಾಡೋನು ಬೇರೆಯವನು. ಬಿಳಿಯನಿಗೆ ಒಡಕು ಮಾತಾದರೂ ಸಿಕ್ಕಿತು, ನಮಗೆ ಅದೂ ಇಲ್ಲ.

ಈ ಚಾಟಿಯ ಗೊಂಬೆಯಿಂದ ಆಗಿರೋ ದೊಡ್ಡ ಅನ್ಯಾಯ ಬೇರೆ ಇದೆ. ಗುಮಾಸ್ತನಾಗಿ ಅದು ನನಗೆ ಚೆನ್ನಾಗಿ ಕಾಣುತ್ತೆ.

1856ರಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ನಮ್ಮ ಧಾರವಾಡದಲ್ಲೇ. ಬಾಂಬೆಯ ಬ್ರಿಟಿಷ್ ಸರ್ಕಾರ ಏನು ಮಾಡಿತು? ಚಾಟಿ ಬೀಸಲಿಲ್ಲ. 'ಟ', 'ಡ' ಅಂತ ಕಿರುಚಲಿಲ್ಲ. ಒಂದು ಠರಾವು ಬರೆಯಿತು. ಒಬ್ಬ ಹುಡುಗನಿಗೋಸ್ಕರ ಮೇಲ್ಜಾತಿಯವರ ಮನಸ್ಸು ನೋಯಿಸಿದರೆ ಶಾಲೆಯೇ ಖಾಲಿ ಆದೀತು ಅಂತ ಲೆಕ್ಕ ಹಾಕಿ, ಅರ್ಜಿ ತಿರಸ್ಕರಿಸಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ಬರೆದರು. ಕಾಗದದ ಮೇಲೆ ತೆರೆದ ಬಾಗಿಲು ಊರಿನಲ್ಲಿ ತೆರೆಯೋಕೆ ಎಷ್ಟು ವರ್ಷ ಬೇಕಾಯಿತು ಅಂತ ನಿಮ್ಮ ನಿಮ್ಮ ಅಜ್ಜಂದಿರನ್ನ ಕೇಳಿ.

ಇದನ್ನ ಬಾಬಾಸಾಹೇಬರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ, ಅವರ ಮಂತ್ರಿಗಳ ಮುಖಕ್ಕೇ, ಅವರದೇ ಇಂಗ್ಲಿಷಿನಲ್ಲಿ ಕೇಳಿದರು. ನೀವು ಬರೋಕೆ ಮುಂಚೆ ನಮಗೆ ಊರ ಬಾವಿ ಇರಲಿಲ್ಲ, ದೇವಸ್ಥಾನ ಇರಲಿಲ್ಲ, ಪೊಲೀಸ್ ಕೆಲಸ ಇರಲಿಲ್ಲ. ನೀವು ಬಂದ ಮೇಲೆ ಅದರಲ್ಲಿ ಯಾವುದು ಸಿಕ್ಕಿದೆ, ಅನ್ನೋದು ಅವರ ಪ್ರಶ್ನೆಯ ಸಾರ. ದೊರೆಯ ನಿಜವಾದ ತಪ್ಪು ಅದು. ಜಾತಿಯನ್ನ ಮುಟ್ಟಲಿಲ್ಲ, ಜಾತಿಯವರ ಜೊತೆ ರಾಜಿ ಮಾಡಿಕೊಂಡ. ಆ ದೊರೆಯನ್ನ ನಮ್ಮ ಸಿನಿಮಾ ಯಾಕೆ ತೋರಿಸಲ್ಲ? ತೋರಿಸಿದರೆ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಷರಾ ಬರೆದುಕೊಟ್ಟ ಶಿರಸ್ತೇದಾರನನ್ನೂ ತೋರಿಸಬೇಕಾಗುತ್ತೆ. ಅವನು ಬಿಳಿಯ ಅಲ್ಲ, ಅವನ ಕನ್ನಡವೂ ಶುದ್ಧ. ನಾನು ಇಪ್ಪತ್ತು ವರ್ಷದಿಂದ ಕಡತಗಳ ಮಧ್ಯೆ ಇದ್ದೀನಿ. ಒಬ್ಬ ಬಡವನ ಬದುಕು ಮುಗಿಸೋಕೆ ಚಾಟಿ ಬೇಕಾಗಿಲ್ಲ, "ನಿಯಮಾನುಸಾರ ಅವಕಾಶವಿರುವುದಿಲ್ಲ" ಅನ್ನೋ ಒಂದು ಸಾಲು ಸಾಕು.

ಕೆಲವು ಸಂಗಾತಿಗಳು ಕೇಳಬಹುದು: ಏನಪ್ಪಾ, ಬ್ರಿಟಿಷರ ವಕಾಲತ್ತು ಹಿಡೀತಿದ್ದೀಯಾ? ಊರಲ್ಲಿ ಕೊಲೆ, ಬಹಿಷ್ಕಾರ ನಡೀತಿರೋವಾಗ ಸಿನಿಮಾ ಮಾತಿನ ಚಿಂತೆ ಯಾಕೆ?

ವಕಾಲತ್ತಲ್ಲ. ಅವರನ್ನ ಸರಿಯಾಗಿ ದ್ವೇಷಿಸೋಣ ಅಂತಿದ್ದೀನಿ. ಗೊಂಬೆಯನ್ನ ದ್ವೇಷಿಸಿದರೆ ನಿಜವಾದ ಅಪರಾಧಿ ತಪ್ಪಿಸಿಕೊಳ್ತಾನೆ. ಎರಡನೆಯದು ಚಿಕ್ಕ ವಿಷಯ ಅಂತ ನನಗೂ ಅನ್ನಿಸಿತ್ತು. ಆದರೆ ಎಷ್ಟು ಜನ ನಮ್ಮ ಹುಡುಗರು ಇಂಟರ್‌ವ್ಯೂನಲ್ಲಿ, ಕೋರ್ಟಿನಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲಿ ಬಾಯಿ ತೆರೆಯೋಕೆ ಹೆದರಿ ಸುಮ್ಮನಾಗ್ತಾರೆ, ಯೋಚನೆ ಮಾಡಿ. ಆ ಹೆದರಿಕೆ ಹುಟ್ಟಿದ್ದು ಎಲ್ಲಿ? ಟಿವಿ ಮುಂದೆ ಎಲ್ಲರೂ ನಕ್ಕ ಜಾಗದಲ್ಲಿ. ಬಾಯಿ ಮುಚ್ಚಿಸೋದು ಚಿಕ್ಕ ವಿಷಯ ಅಲ್ಲ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದಕ್ಕೆ ಅವರ ಮಂತ್ರಿಗಿರಿಯೇ ಹೋಯಿತು. ನಮ್ಮ ಮಕ್ಕಳು ಇಂಗ್ಲಿಷ್ ಕಲೀಬೇಕು ಅನ್ನೋದು ಅವರ ಕಳಕಳಿ. ನನ್ನ ಮಗಳು ಕಲೀತಿದ್ದಾಳೆ. ಈಗ ಅವಳಿಗೆ ಲಂಡನ್ ಅರಮನೆಯ ಉಚ್ಚಾರಣೆ ಬರಬೇಕು ಅಂತ ಆಸೆ. ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ: ಇಲ್ಲ ಮಗಳೇ, ಅಲ್ಲೂ ಎಲ್ಲರೂ ಹಂಗೆ ಮಾತಾಡಲ್ಲ. ಅಲ್ಲೂ 'ಹ' ಬಿಡೋರು ಇದ್ದಾರೆ, ನಿನ್ನ ತಾತನ ಥರ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಔಸ್" ಅಂತ ಒಂದು ಸಲ ಹೇಳಿ ನೋಡಿದಳು. ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ಯಾರಿಗೂ ಅವಮಾನ ಇರಲಿಲ್ಲ.

ಸಿನಿಮಾ, ಧಾರಾವಾಹಿ ಬರೆಯೋ ಗೆಳೆಯರು ನನ್ನ ಪಟ್ಟಿಯಲ್ಲೂ ಒಂದಿಬ್ಬರು ಇದ್ದೀರಿ. ಕೇಳಿಕೊಳ್ಳೋದು ಇಷ್ಟೇ. ಬಿಳಿಯನನ್ನ ಬರೆಯುವಾಗ ಅವನು ಯಾವ ಊರಿನವನು, ಏನು ಬರೆದ, ಯಾರ ಜೊತೆ ರಾಜಿ ಆದ ಅಂತ ಹುಡುಕಿ. ನಮ್ಮನ್ನ ಬರೆಯುವಾಗ ನಮ್ಮ ಮಾತನ್ನ ನಗಿಸೋಕೆ ಇಡಬೇಡಿ, ಮಾತಾಡೋಕೆ ಇಡಿ. ನಾಯಕಿಯ ಬಾಯಲ್ಲಿ, ಜಡ್ಜ್ ಬಾಯಲ್ಲಿ, ಡಾಕ್ಟರ ಬಾಯಲ್ಲಿ 'ಅಣ್ಣು', 'ಆಲು' ಬರಲಿ.

ಈ ಸಲದ ರಾಜ್ಯೋತ್ಸವಕ್ಕೆ ನಿರೂಪಣೆಗೆ ನನ್ನ ಹೆಸರು ಬಿಟ್ಟು ಪಟ್ಟಿ ಮಾಡಿದ್ದರು. ಹೋಗಿ ಕೇಳಿ ಬರೆಸಿಕೊಂಡು ಬಂದಿದ್ದೀನಿ. ಹೇಳಬೇಕಾದ್ದನ್ನ ನನ್ನ ಬಾಯಿಗೆ ಬಂದ ಹಾಗೆ ಹೇಳ್ತೀನಿ. ನಗೋರು ನಗಲಿ, ನಾನು ಮೈಕ್ ಬಿಡಲ್ಲ.

ಎಲ್ಲರಿಗೂ ಆರ್ದಿಕ ವಂದನೆಗಳು.

ಜೈ ಭೀಮ್.